ಉಣ್ಣದ ಮೀನಿನ ಉಪಚಾರ
ಶಾಸ್ತ್ರಬರಹ: ಒಂದು ಅಭ್ಯಾಸ ಲೇಖನ

ಶಾಸ್ತ್ರಸಾಹಿತ್ಯವೆಂಬುದು ಕನ್ನಡ ಐಚ್ಛಿಕ ವಿದ್ಯಾರ್ಥಿಗಳಿಗೆ ಸಾಮಾನ್ಯವಾಗಿ ಸಾಹಿತ್ಯಚರಿತ್ರೆಯ ಎರಡು ಪುಟಗಳಲ್ಲಿ ಮಾತ್ರ ಎದುರಾಗುತ್ತದೆ. ಚಾವುಂಡರಾಯನ ಲೋಕೋಪಕಾರ, ಚಾಲುಕ್ಯ ಮನೆತನದ ಕೀರ್ತಿವರ್ಮನ ಗೋವೈದ್ಯ ಎಂದು ಹೆಸರು ಮತ್ತು ಕಾಲಗಳನ್ನು ಬರೆದರೆ ಉತ್ತರ ಮುಗಿಯಿತೆಂದು ಭಾವಿಸುತ್ತೇವೆ. ಆದರೆ ಗೋವೈದ್ಯದಂಥ ಕೃತಿಯ ಹಿಂದೆ ಇರುವುದು ಮೇವು ಬಿಟ್ಟು ನಿಂತ ಹಸು, ಅದರ ಮುಂದೆ ಏನು ಮಾಡಬೇಕೆಂದು ತೋಚದೆ ನಿಂತ ಒಡೆಯ. ಮಾತಾಡಲಾರದ ಜೀವಿಯ ಸಂಕಟವನ್ನು ಗುರುತಿಸಿ, ಮಾಡಬೇಕಾದುದನ್ನು ಅನುಕ್ರಮವಾಗಿ ಹೇಳುವುದೇ ಇಂಥ ಬರಹದ ಕೆಲಸ. ಆ ಕೆಲಸವನ್ನು ಇಂದಿನ ಕನ್ನಡದಲ್ಲಿ ಮಾಡುವ ಬಗೆಯನ್ನು ಒಂದು ಚಿಕ್ಕ ಉದಾಹರಣೆಯಿಂದ ಅಭ್ಯಾಸ ಮಾಡೋಣ. ಉದಾಹರಣೆ ಇದು: ಗಾಜಿನ ತೊಟ್ಟಿಯಲ್ಲಿ ಸಾಕಿದ ಕಡಲಮೀನು ಆಹಾರ ಮುಟ್ಟುತ್ತಿಲ್ಲ.

1. ಪದದ ಆಯ್ಕೆ

ಹೀಗೆ ಉಣ್ಣದ ಮೀನನ್ನು ಏನೆಂದು ಕರೆಯಬೇಕು? ನಮ್ಮ ಬಾಯಿಗೆ ಮೊದಲು ಬರುವ ಮಾತು ‘ಹಟಮಾರಿ’. ಆ ಮಾತು ಬಂದೊಡನೆ ಅದಕ್ಕೆ ತಕ್ಕ ಉಪಾಯವೂ ಹೊಳೆಯುತ್ತದೆ: ಎರಡು ದಿನ ಹಸಿದರೆ ತಾನೇ ತಿನ್ನುತ್ತದೆ. ಹಸಿವು ರುಚಿಯರಿಯದು ಎಂಬ ಗಾದೆಯ ಬೆಂಬಲವೂ ಇದೆ. ಮರಾಠಿಯಲ್ಲಿ ‘ಚೋಖಂದಳ’ ಎಂಬ ಪದವಿದೆ. ಒಳ್ಳೆಯದನ್ನು ಪರೀಕ್ಷಿಸಿ ಆರಿಸಿಕೊಳ್ಳುವವನು ಎಂದು ಅದರ ಅರ್ಥ. ಅದರಲ್ಲಿ ದೂಷಣೆಗಿಂತ ಮೆಚ್ಚುಗೆಯೇ ಹೆಚ್ಚು. ಮೊದಲ ಪದ ತಪ್ಪನ್ನು ಮೀನಿನ ಮೇಲೆ ಹೊರಿಸುತ್ತದೆ. ಎರಡನೆಯದು, ಅದು ಏನನ್ನು ಹುಡುಕುತ್ತಿದೆ ಎಂಬ ಪ್ರಶ್ನೆಯನ್ನು ನಮಗೇ ಹಿಂದಿರುಗಿಸುತ್ತದೆ. ಕಡಲಮೀನಿನ ವಿಷಯದಲ್ಲಿ ಗಾದೆಯನ್ನು ನಂಬಿ ಕುಳಿತರೆ ಮೀನು ಸಾಯುತ್ತದೆ. ಎದುರಿಗಿರುವುದು ಆಹಾರವೆಂದೇ ಅದು ಗುರುತಿಸದಿದ್ದಾಗ ಹಸಿವಿನಿಂದ ಪ್ರಯೋಜನವಿಲ್ಲ. ದಿನ ಕಳೆದಂತೆ ಮೈ ಕರಗಿ, ಆಹಾರ ಹುಡುಕುವ ಶಕ್ತಿಯೂ ಉಡುಗುತ್ತದೆ.

2. ಹೆಸರಿನಲ್ಲಿರುವ ಬಾಯಿ

ಈ ಬಗೆಯ ಮೀನುಗಳಲ್ಲಿ ಪ್ರಸಿದ್ಧವಾದುದು ಕೊಕ್ಕಿನ ಚಿಟ್ಟೆಮೀನು. ಬೆಳ್ಳಿಯಂಥ ಮೈ, ಅದರ ಮೇಲೆ ತಾಮ್ರ ಮತ್ತು ಕಿತ್ತಳೆ ಬಣ್ಣದ ಅಡ್ಡಪಟ್ಟಿಗಳು, ಬೆನ್ನಿನ ಈಜುರೆಕ್ಕೆಯ ಹಿಂಭಾಗದಲ್ಲಿ ಕಣ್ಣೆಂದು ಭ್ರಮೆ ಹುಟ್ಟಿಸುವ ಕಪ್ಪು ಬೊಟ್ಟು. ಬೆಳೆದಾಗ ಸುಮಾರು 20 ಸೆಂ.ಮೀ. ಉದ್ದ. ಅಂಡಮಾನ್ ಸಮುದ್ರದಿಂದ ಆಸ್ಟ್ರೇಲಿಯದವರೆಗಿನ ಹವಳದ ದಿಬ್ಬಗಳು ಇದರ ನೆಲೆ. 1758ರಲ್ಲಿ ಲಿನೇಯಸ್ ಇದಕ್ಕೆ ‘ಕೀಟೊಡಾನ್ ರೋಸ್ಟ್ರೇಟಸ್’ ಎಂದು ಹೆಸರಿಟ್ಟನು. ಈಗ ಇದನ್ನು ‘ಚೆಲ್ಮನ್ ರೋಸ್ಟ್ರೇಟಸ್’ ಎನ್ನುತ್ತಾರೆ. ಭಾಷೆಯ ವಿದ್ಯಾರ್ಥಿಗಳು ಇಲ್ಲಿ ನಿಂತು ನೋಡಬೇಕು. ‘ರೋಸ್ಟ್ರೇಟಸ್’ ಎಂದರೆ ಲ್ಯಾಟಿನ್ನಿನಲ್ಲಿ ಕೊಕ್ಕುಳ್ಳದ್ದು. ‘ಕೀಟೊಡಾನ್’ ಎಂಬುದು ಗ್ರೀಕಿನ ಕೂದಲು ಮತ್ತು ಹಲ್ಲು ಎಂಬ ಎರಡು ಪದಗಳ ಸಮಾಸ. ಉದ್ದ ಕೊಕ್ಕು, ಕೂದಲಿನಷ್ಟು ಸಣ್ಣ ಹಲ್ಲು: ಹೆಸರನ್ನು ಬಿಡಿಸಿದರೆ ಈ ಮೀನು ಹೇಗೆ ಉಣ್ಣುತ್ತದೆಂಬುದು ತಿಳಿದುಬಿಡುತ್ತದೆ. ಬಂಡೆಯ ಸಂದಿಗೆ ಮೂತಿಯನ್ನು ತೂರಿಸಿ, ಅಲ್ಲಿ ಅಡಗಿದ ಹುಳುವನ್ನೋ ಚಿಪ್ಪುಜೀವಿಯ ಮಾಂಸವನ್ನೋ ಎಳೆದು ತಿನ್ನುವ ಬಾಯಿ ಅದರದು. ನೀರಿನ ಮೇಲೆ ತೇಲುವ ಒಣ ಗುಳಿಗೆಗಳನ್ನು ಕಂಡ ಅಭ್ಯಾಸ ಅದರ ವಂಶಕ್ಕೇ ಇಲ್ಲ. ಅದು ಅವುಗಳನ್ನು ನಿರಾಕರಿಸುತ್ತಿದೆ ಎನ್ನುವುದಕ್ಕಿಂತ, ಅವು ಅದರ ಲೆಕ್ಕಕ್ಕೇ ಬಂದಿಲ್ಲ ಎನ್ನುವುದು ಸರಿ.

3. ನೀರಿನ ಸಿದ್ಧತೆ

ಆಹಾರಕ್ಕಿಂತ ಮೊದಲು ನೀರು. ನಮ್ಮ ಪಾಪಿರೆಡ್ಡಿಪಟ್ಟಿಯಿಂದ ಪುದುಚ್ಚೇರಿಯ ಕಡಲತೀರಕ್ಕೆ ನೇರ ಗೆರೆ ಎಳೆದರೂ ಸುಮಾರು 160 ಕಿ.ಮೀ. ದೂರ. ಶೇರ್ವರಾಯನ್ ಬೆಟ್ಟಗಳಿಂದ ಇಳಿಯುವ ವಾಣಿಯಾರು ಸಿಹಿನೀರಿನ ಹೊಳೆ. ಹಾಗಾಗಿ ಇಲ್ಲಿ ಕಡಲಮೀನನ್ನು ಸಾಕಹೊರಟವರು ಕಡಲನ್ನೇ ತಯಾರಿಸಿಕೊಳ್ಳಬೇಕು. ಧರ್ಮಪುರಿ ಜಿಲ್ಲೆಯ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಹೊಗೇನಕಲ್ಲಿನಿಂದ ಕಾವೇರಿಯ ನೀರನ್ನು ತರುವ ಯೋಜನೆಯ ಹೆಸರಿನಲ್ಲೇ ಫ್ಲೋರೋಸಿಸ್ ನಿವಾರಣೆಯ ಉದ್ದೇಶ ಸೇರಿದೆ. ಕಡಲಿನ ನೀರಿನಲ್ಲೂ ಸಹಜವಾಗಿ ಲೀಟರಿಗೆ ಸುಮಾರು 1.3 ಮಿಲಿಗ್ರಾಂ ಫ್ಲೋರೈಡ್ ಇರುವುದರಿಂದ ಅದೊಂದೇ ಇಲ್ಲಿಯ ತೊಡಕಲ್ಲ. ಗಡಸು ನೀರಿನ ಇತರ ಲವಣಗಳು, ಹೊಲದ ಗೊಬ್ಬರದಿಂದ ಇಳಿದ ನೈಟ್ರೇಟುಗಳು ಸೇರಿ ಪ್ರಮಾಣವನ್ನು ಕೆಡಿಸುತ್ತವೆ. ಆದಕಾರಣ ಆರ್.ಓ. ಯಂತ್ರದಲ್ಲಿ ಶುದ್ಧಗೊಳಿಸಿದ ನೀರಿಗೆ, ಅಕ್ವೇರಿಯಮ್ಮಿಗೆಂದೇ ಮಾರುವ ಕಡಲುಪ್ಪನ್ನು ಲೀಟರಿಗೆ ಸುಮಾರು 35 ಗ್ರಾಂನಂತೆ ಕರಗಿಸಬೇಕು. ಅಡುಗೆಯ ಉಪ್ಪು ಕೂಡದು. ಕಡಲಿನಲ್ಲಿರುವ ಮೆಗ್ನೀಸಿಯಮ್, ಕ್ಯಾಲ್ಸಿಯಮ್ ಮೊದಲಾದವು ಅದರಲ್ಲಿ ಬೇಕಾದಷ್ಟು ಇರುವುದಿಲ್ಲ.

ಸಾಪೇಕ್ಷ ಸಾಂದ್ರತೆ 1.023ರಿಂದ 1.025, ಉಷ್ಣತೆ 24ರಿಂದ 27 ಡಿಗ್ರಿ ಸೆಲ್ಸಿಯಸ್, ಪಿ.ಎಚ್. 8.1ರಿಂದ 8.4 ಇರಬೇಕು. ನಮ್ಮ ಬೇಸಿಗೆಯಲ್ಲಿ ನೀರನ್ನು ತಂಪಾಗಿಡುವುದೇ ಕಷ್ಟ. ತೊಟ್ಟಿಯ ಬಾಯಿಗೆ ಸಣ್ಣ ಫ್ಯಾನ್ ಇಟ್ಟರೆ ಒಂದೆರಡು ಡಿಗ್ರಿ ಇಳಿಯುತ್ತದೆ. ಆವಿಯಾದಷ್ಟು ನೀರನ್ನು ಉಪ್ಪಿಲ್ಲದ ಶುದ್ಧ ನೀರಿನಿಂದಲೇ ತುಂಬಬೇಕು, ಏಕೆಂದರೆ ಉಪ್ಪು ಆವಿಯಾಗುವುದಿಲ್ಲ. ಹೊಸ ತೊಟ್ಟಿಯಲ್ಲಿ ಅಮೋನಿಯಾವನ್ನು ನೈಟ್ರೈಟಾಗಿಯೂ ನೈಟ್ರೈಟನ್ನು ನೈಟ್ರೇಟಾಗಿಯೂ ಬದಲಿಸುವ ಬ್ಯಾಕ್ಟೀರಿಯಾಗಳು ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕಾಗುತ್ತದೆ. ಇದನ್ನು ‘ನೀರು ಪಕ್ವವಾಗುವುದು’ ಎನ್ನಬಹುದು. ಅಮೋನಿಯಾ, ನೈಟ್ರೈಟುಗಳೆರಡೂ ಸೊನ್ನೆಗೆ ಇಳಿಯುವ ಮುನ್ನ ಮೀನನ್ನು ಬಿಡಬಾರದು. ಚಿಟ್ಟೆಮೀನಿಗೆ ಇಷ್ಟೂ ಸಾಲದು; ತಿಂಗಳುಗಟ್ಟಲೆ ಹಳೆಯದಾಗಿ, ಕಲ್ಲುಗಳ ಸಂದಿಯಲ್ಲಿ ಸಣ್ಣ ಜೀವಿಗಳು ಹುಟ್ಟಿ ಬೆಳೆದಿರುವ, ನಾನೂರು ಲೀಟರಿಗೆ ಕಡಿಮೆಯಿಲ್ಲದ ತೊಟ್ಟಿ ಅದಕ್ಕೆ ಬೇಕು.

4. ಉಣಿಸುವ ಕ್ರಮ

ಮೊದಲ ಹೆಜ್ಜೆ ಅಂಗಡಿಯಲ್ಲಿಯೇ ಇದೆ. ಚೆನ್ನೈಯ ಕೊಳತ್ತೂರು ಪೇಟೆಯಲ್ಲಾಗಲಿ ಬೇರೆಲ್ಲೇ ಆಗಲಿ, ಮೀನು ಕಣ್ಣೆದುರಿಗೆ ತಿನ್ನುವುದನ್ನು ನೋಡದೆ ಹಣ ಕೊಡಬಾರದು. ಹೊಟ್ಟೆ ಒಳಸರಿದ, ತಲೆಯ ಹಿಂಭಾಗ ಬತ್ತಿದ ಮೀನು ಆಗಲೇ ಬಹಳ ದಿನ ಉಪವಾಸವಿದ್ದದ್ದು.

ಎರಡನೆಯದು ವಿಶ್ರಾಂತಿ. ಮನೆಗೆ ತಂದ ಚೀಲವನ್ನು ಹದಿನೈದು ಇಪ್ಪತ್ತು ನಿಮಿಷ ನೀರಿನಲ್ಲಿ ತೇಲಿಸಿ, ಆಮೇಲೆ ತೊಟ್ಟಿಯ ನೀರನ್ನು ಸ್ವಲ್ಪಸ್ವಲ್ಪವಾಗಿ ಚೀಲಕ್ಕೆ ಸೇರಿಸಿ, ಕೊನೆಗೆ ಮೀನನ್ನು ಮಾತ್ರ ತೊಟ್ಟಿಗೆ ಬಿಡಬೇಕು. ಅಂಗಡಿಯ ನೀರನ್ನು ತೊಟ್ಟಿಗೆ ಸುರಿಯಬಾರದು. ಮೊದಲ ದಿನ ದೀಪ ಮಂದವಾಗಿರಲಿ, ಅವಿತುಕೊಳ್ಳಲು ಎಡೆಯಿರಲಿ. ಹೆದರಿದ ಮೀನು ಉಣ್ಣುವುದಿಲ್ಲ. ಮೊದಲ ನಾಲ್ಕು ವಾರ ಅದನ್ನು ಬೇರೆ ತೊಟ್ಟಿಯಲ್ಲಿಟ್ಟರೆ ರೋಗದ ಪರೀಕ್ಷೆಯಾಗುತ್ತದೆ. ಆಹಾರಕ್ಕೆ ಮುನ್ನುಗ್ಗುವ ಇತರ ಮೀನುಗಳ ಪೈಪೋಟಿಯೂ ತಪ್ಪುತ್ತದೆ.

ಮೂರನೆಯದು ಮೊದಲ ತುತ್ತು. ಅದು ಚಲಿಸುವಂಥದಾಗಿರಬೇಕು. ಆರ್ಟೀಮಿಯ ಎಂಬ ಉಪ್ಪುನೀರಿನ ಸಣ್ಣ ಸಿಗಡಿಯ ಒಣಮೊಟ್ಟೆಗಳು ಡಬ್ಬಿಯಲ್ಲಿ ದೊರೆಯುತ್ತವೆ. 28 ಡಿಗ್ರಿಯ ಉಪ್ಪುನೀರಿನಲ್ಲಿ ಗಾಳಿಯಾಡಿಸಿದರೆ ಒಂದು ದಿನದ ಸುಮಾರಿಗೆ ಒಡೆಯುತ್ತವೆ; ಕೆಲವು ದಿನ ಬೆಳೆಸಿದರೆ ಚಿಟ್ಟೆಮೀನಿನ ಕಣ್ಣಿಗೆ ಬೀಳುವಷ್ಟಾಗುತ್ತವೆ. ಇದು ಬಾಯಿ ತೆರೆಸುವ ಆಹಾರವೇ ಹೊರತು ಮೈ ತುಂಬಿಸುವುದಲ್ಲ. ಬೆಳೆದ ಆರ್ಟೀಮಿಯದಲ್ಲಿ ಪೋಷಣೆ ಕಡಿಮೆ.

ನಾಲ್ಕನೆಯದು, ಈ ಮೀನಿಗೆ ಬಹುಮಟ್ಟಿಗೆ ಫಲಿಸುವ ಉಪಾಯ. ತಮಿಳರು ಮಟ್ಟಿಯೆನ್ನುವ, ತುಳುವರು ಮರುವಾಯಿಯೆನ್ನುವ, ಮರಾಠಿಯವರು ತಿಸರ್‍ಯಾ ಎನ್ನುವ ಚಿಪ್ಪುಜೀವಿಯೊಂದನ್ನು ತೊಳೆದು, ಚಿಪ್ಪನ್ನು ಬಿಡಿಸಿ, ಮಾಂಸ ಅಂಟಿರುವ ಅರ್ಧವನ್ನು ಕಲ್ಲಿನ ಸಂದಿಯಲ್ಲಿ ಸಿಕ್ಕಿಸಬೇಕು. ಹೆಪ್ಪುಗಟ್ಟಿಸಿದ್ದಾದರೆ ಕರಗಿಸಿಕೊಂಡು ಇಡಬೇಕು. ಮೂತಿ ತೂರಿಸಿ ಎಳೆದು ತಿನ್ನುವ ತನ್ನ ಸಹಜ ರೀತಿಗೆ ಅವಕಾಶ ದೊರೆತಾಗ, ಬೇರೆಲ್ಲವನ್ನೂ ಬಿಟ್ಟ ಮೀನು ಇದನ್ನು ಕುಟುಕಲು ತೊಡಗುವುದುಂಟು. ಎರಡು ಮೂರು ಗಂಟೆಗಳ ಬಳಿಕ ಉಳಿದುದನ್ನು ತೆಗೆಯದಿದ್ದರೆ ನೀರು ಕೆಡುತ್ತದೆ. ಇದೊಂದನ್ನೇ ದಿನವೂ ಕೊಡಬಾರದು. ಅನೇಕ ಹಸಿ ಚಿಪ್ಪುಜೀವಿಗಳಲ್ಲಿ ಬಿ1 ಜೀವಸತ್ವವನ್ನು ಕೆಡಿಸುವ ಕಿಣ್ವವಿರುತ್ತದೆ.

ಐದನೆಯದು ಬದಲಾವಣೆ. ಮೀನು ಧೈರ್ಯವಾಗಿ ಉಣ್ಣತೊಡಗಿದ ಮೇಲೆ ಜೀವಂತ ಆಹಾರದೊಡನೆ ಹೆಪ್ಪುಗಟ್ಟಿಸಿದ ಮೈಸಿಸ್ ಸಿಗಡಿಯನ್ನೂ ನುಣ್ಣಗೆ ಹೆಚ್ಚಿದ ಹಸಿ ಸಿಗಡಿಯನ್ನೂ ಬೆರೆಸಿ, ವಾರಗಳ ಅವಧಿಯಲ್ಲಿ ಜೀವಂತದ ಪಾಲನ್ನು ತಗ್ಗಿಸಬೇಕು. ಸಂತೆಯ ಕರುವಾಡು ಇದಕ್ಕೆ ಸಲ್ಲದು. ದಿನಕ್ಕೊಮ್ಮೆ ಹೆಚ್ಚಾಗಿ ಸುರಿಯುವ ಬದಲು ಮೂರು ನಾಲ್ಕು ಬಾರಿ ಸ್ವಲ್ಪಸ್ವಲ್ಪ ಹಾಕುವುದು ಒಳ್ಳೆಯದು; ದಿಬ್ಬದಲ್ಲಿ ಅದು ದಿನವಿಡೀ ಕುಟುಕುತ್ತಲೇ ಇರುವ ಜೀವಿ.

5. ಆರೋಗ್ಯದ ಲಕ್ಷಣಗಳು

ಉಣ್ಣುವ ಮೀನೂ ಕಾಯಿಲೆ ಬೀಳಬಹುದು. ಬಣ್ಣ ಮಾಸುವುದು, ರೆಕ್ಕೆಗಳನ್ನು ಮೈಗೆ ಅಂಟಿಸಿಕೊಂಡಿರುವುದು, ಕಿವಿರುಗಳು ಬೇಗಬೇಗನೆ ಬಡಿಯುವುದು, ಕಲ್ಲಿಗೆ ಮೈಯುಜ್ಜುವುದು ಇವು ಮೊದಲ ಸೂಚನೆಗಳು. ಮೈಮೇಲೆ ಉಪ್ಪಿನ ಹರಳಿನಂಥ ಚುಕ್ಕೆಗಳು ಕಂಡರೆ ಅದು ಕ್ರಿಪ್ಟೋಕ್ಯಾರಿಯಾನ್ ಎಂಬ ಏಕಕೋಶ ಪರೋಪಜೀವಿಯಿಂದ ಬರುವ ಬಿಳಿಚುಕ್ಕೆ ರೋಗವಾಗಿರಬಹುದು. ಇದಕ್ಕೆ ಬಳಸುವ ತಾಮ್ರದ ಔಷಧವನ್ನು ಅಳೆದು, ಬೇರೆ ತೊಟ್ಟಿಯಲ್ಲಿಯೇ ಕೊಡಬೇಕು. ಮುಖ್ಯ ತೊಟ್ಟಿಯ ಸಿಗಡಿ, ಬಸವನಹುಳುಗಳಿಗೆ ತಾಮ್ರ ವಿಷ. ವಾರಕ್ಕೆ ಹತ್ತರಲ್ಲೊಂದು ಪಾಲು ನೀರನ್ನು ಬದಲಿಸುವ ನಿಯಮ ಅನೇಕ ರೋಗಗಳನ್ನು ದೂರವಿಡುತ್ತದೆ.

ಇಷ್ಟು ಉಪಚಾರ ತನ್ನಿಂದಾಗದು ಎನ್ನುವವರು ಈ ಮೀನನ್ನು ತರದಿರುವುದೇ ದಯೆ. ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯು ಕ್ಲೌನ್ ಮೀನುಗಳನ್ನು ತೊಟ್ಟಿಯಲ್ಲೇ ಮರಿಮಾಡಿಸುವ ವಿಧಾನವನ್ನು ರೂಪಿಸಿದೆ. ತೊಟ್ಟಿಯಲ್ಲಿ ಹುಟ್ಟಿದ ಮರಿ ಚಿಕ್ಕಂದಿನಿಂದಲೇ ಸಿದ್ಧ ಆಹಾರಕ್ಕೆ ಒಗ್ಗಿರುತ್ತದೆ. ಮೊದಲ ಸಲ ಸಾಕುವವರಿಗೆ ಅದು ತಕ್ಕದ್ದು. ಕಡಲಕುದುರೆಯನ್ನಂತೂ ಆಸೆಪಡಬಾರದು, 2001ರಿಂದ ಅದು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿದೆ.

6. ಹಿಂದಿನ ಒಂದು ಗ್ರಂಥ

ಮೀನಿನ ಬಾಯಿಯನ್ನು ಅರಿತು ಆಹಾರ ಹೇಳುವ ಬರಹ ನಮ್ಮ ನಾಡಿಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 1129ರ ಸುಮಾರಿನಲ್ಲಿ ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ‘ಮತ್ಸ್ಯವಿನೋದ’ ಎಂಬ ಭಾಗವಿದೆ. ಮರಾಠಿಯ ಓವಿ ಹಾಡುಗಳನ್ನು ಉಲ್ಲೇಖಿಸುವ ಗ್ರಂಥವೆಂದು ಮರಾಠಿ ವಿದ್ಯಾರ್ಥಿಗಳಿಗೂ ಇದು ಪರಿಚಿತ. ಕಡಲಿನವು, ಹೊಳೆಯವು, ಹುರುಪೆಯುಳ್ಳವು, ಹುರುಪೆಯಿಲ್ಲದವು, ಹಿರಿಯವು, ಕಿರಿಯವು ಎಂದು ಮೀನುಗಳನ್ನು ವಿಂಗಡಿಸಿ, ಅವುಗಳಿಗೆ ಹಾಕುವ ಆಹಾರವನ್ನು ಅಲ್ಲಿ ಹೇಳಿದೆ. ಅರಸನ ಉದ್ದೇಶ ಗಾಳದ ಬೇಟೆ. ಸಾಕುವವರ ಉದ್ದೇಶ ಮೀನನ್ನು ಉಳಿಸುವುದು. ಉದ್ದೇಶ ಬೇರೆಯಾದರೂ ಬೇಕಾದ ತಿಳಿವಳಿಕೆ ಒಂದೇ: ಯಾವ ಮೀನು, ಎಲ್ಲಿಯದು, ಹೇಗೆ ತಿನ್ನುತ್ತದೆ. ಅದನ್ನು ವಿಂಗಡಿಸಿ, ಓದಿದವನು ಮಾಡಿನೋಡಬಲ್ಲ ವಾಕ್ಯಗಳಲ್ಲಿ ಇಡುವುದು ಶಾಸ್ತ್ರಬರಹದ ಲಕ್ಷಣ.

ಅಭ್ಯಾಸ

1. ‘ಹಟ’, ‘ಅರುಚಿ’, ‘ಆಯ್ಕೆ’ ಈ ಮೂರು ಪದಗಳಲ್ಲಿ ಒಂದೊಂದನ್ನು ಬಳಸಿ ಉಣ್ಣದ ಮೀನಿನ ಬಗೆಗೆ ಒಂದೊಂದು ವಾಕ್ಯ ಬರೆಯಿರಿ. ಪದ ಬದಲಾದಂತೆ ಸೂಚಿತವಾಗುವ ಉಪಾಯವೂ ಬದಲಾಗುವುದನ್ನು ವಿವರಿಸಿರಿ.

2. ನಾಲ್ಕನೆಯ ಭಾಗದಲ್ಲಿ ವಿಧಿವಾಕ್ಯಗಳನ್ನೂ ಕಾರಣವಾಕ್ಯಗಳನ್ನೂ ಬೇರ್ಪಡಿಸಿರಿ. ಕಾರಣವನ್ನು ಕೈಬಿಟ್ಟರೆ ಯಾವ ವಿಧಿ ಪಾಲನೆಯಾಗದೆ ಉಳಿಯಬಹುದು?

3. ನಿಮ್ಮ ಮನೆಯ ಹಸು, ಮೇಕೆ, ಕೋಳಿ ಅಥವಾ ನಾಯಿ ಆಹಾರ ಬಿಟ್ಟಾಗ ಹಿರಿಯರು ಮಾಡುವ ಉಪಚಾರವನ್ನು ಕೇಳಿ ತಿಳಿದು, ಅವರ ಪದಗಳನ್ನೇ ಉಳಿಸಿಕೊಂಡು, ಇನ್ನೂರು ಪದಗಳ ಶಾಸ್ತ್ರಬರಹವನ್ನು ಸಿದ್ಧಪಡಿಸಿರಿ.