ಪರಿಷೆಯ ಮರುದಿನ

ಕಾರ್ತಿಕ ಮಾಸದ ಕೊನೆಯ ಸೋಮವಾರ ಬೆಂಗಳೂರಿನ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ ನೆರೆಯುತ್ತದೆ. ದೊಡ್ಡ ಗಣಪತಿ ಮತ್ತು ದೊಡ್ಡ ಬಸವಣ್ಣನ ಗುಡಿಗಳ ಮುಂದಿನ ಬೀದಿಯ ಇಕ್ಕೆಲಗಳಲ್ಲಿ ಕಡಲೆಕಾಯಿಯ ರಾಶಿಗಳು ಸಾಲುಗಟ್ಟುತ್ತವೆ. ಹಸಿಯ ಕಾಯಿ, ಹುರಿದ ಕಾಯಿ, ಬೇಯಿಸಿದ ಕಾಯಿ. ಎರಡು ಬೀಜದ ಕಾಯಿ, ಮೂರು ಬೀಜದ ಕಾಯಿ. ಮಣ್ಣಿನ ವಾಸನೆ, ಹುರಿಯುವ ಬಾಣಲೆಯ ಹೊಗೆ. ಮಾಗಡಿ, ರಾಮನಗರ, ಕೋಲಾರ, ಚಿಕ್ಕಬಳ್ಳಾಪುರಗಳ ಕಡೆಯಿಂದಲೂ ನೆರೆಯ ಆಂಧ್ರ ಮತ್ತು ತಮಿಳುನಾಡುಗಳಿಂದಲೂ ರೈತರು, ವ್ಯಾಪಾರಿಗಳು ಮೂಟೆಗಳೊಡನೆ ಬಂದಿಳಿಯುತ್ತಾರೆ. ಕಡಲೆಪುರಿ, ಬತ್ತಾಸು, ಕಲ್ಯಾಣಸೇವೆಗಳ ಅಂಗಡಿಗಳು, ಬಳೆಯ ಮಲಾರಗಳು, ಬಲೂನು ಮಾರುವವರು, ಮಕ್ಕಳ ತಿರುಗುತೊಟ್ಟಿಲು, ಇವೆಲ್ಲವೂ ಕೂಡಿದಾಗ ಮಹಾನಗರವೊಂದು ಕೆಲವು ದಿನಗಳ ಮಟ್ಟಿಗೆ ಮತ್ತೆ ಹಳ್ಳಿಯಾದಂತೆ ತೋರುತ್ತದೆ.

ಪರಿಷೆಯ ಹುಟ್ಟಿನ ಬಗೆಗೆ ಒಂದು ಐತಿಹ್ಯವುಂಟು. ಸುಂಕೇನಹಳ್ಳಿ, ಗುಟ್ಟಹಳ್ಳಿ, ಮಾವಳ್ಳಿಗಳು ಇಂದು ನಗರದ ಬಡಾವಣೆಗಳಾದರೂ ಹಿಂದೆ ಹೊಲಗದ್ದೆಗಳಿದ್ದ ಹಳ್ಳಿಗಳು. ಅಲ್ಲಿಯ ರೈತರು ಬೆಳೆದ ಕಡಲೆಕಾಯಿಯನ್ನು ರಾತ್ರಿಯ ಹೊತ್ತು ಬಸವವೊಂದು ಬಂದು ಮೇಯುತ್ತಿತ್ತಂತೆ. ಕಾವಲಿದ್ದು ಅಟ್ಟಿಸಿಕೊಂಡು ಹೋದಾಗ ಅದು ಗುಡ್ಡದ ಮೇಲೆ ಕಲ್ಲಾಗಿ ನಿಂತಿತಂತೆ. ಅಂದಿನಿಂದ ಮೊದಲ ಫಸಲನ್ನು ಬಸವನಿಗೆ ಒಪ್ಪಿಸುವ ಪದ್ಧತಿ ಬಂತೆಂದು ಹೇಳುತ್ತಾರೆ. ಕಡಲೆಕಾಯಿಯ ತವರು ದಕ್ಷಿಣ ಅಮೆರಿಕ. ಯುರೋಪಿನವರ ಹಡಗುಗಳು ನಮ್ಮ ತೀರಕ್ಕೆ ಬಂದ ಮೇಲೆ ಈ ಬೆಳೆ ನಮ್ಮದಾಯಿತು. ಆದುದರಿಂದ ಐತಿಹ್ಯವನ್ನು ಬಹಳ ಪ್ರಾಚೀನವೆಂದು ಎಣಿಸುವಂತಿಲ್ಲ. ದೂರದೇಶದ ಗಿಡವೊಂದನ್ನು ನಮ್ಮ ರೈತನು ತನ್ನ ದೇವರ ಕಥೆಯೊಳಗೆ ಸೇರಿಸಿಕೊಂಡನೆಂಬುದೇ ಇಲ್ಲಿಯ ಸೊಗಸು. ‘ಪರಿಷೆ’ ಎಂಬ ಮಾತು ಕೂಡ ‘ಪರಿಷತ್’ ಎಂಬುದರ ತದ್ಭವ. ವಿದ್ವಾಂಸರು ನೆರೆದರೆ ಪರಿಷತ್ತು, ಜನಸಾಮಾನ್ಯರು ನೆರೆದರೆ ಪರಿಷೆ.

ಇಂತಹ ಒಂದು ನೆರವಿಯನ್ನು ನೋಡಿ ಬಂದವರು ಅಲ್ಲಿಯ ಜನಸಂದಣಿಯನ್ನು ವರ್ಣಿಸುತ್ತಾರೆ, ದೀಪಾಲಂಕಾರವನ್ನು ಹೊಗಳುತ್ತಾರೆ. ಅದನ್ನು ನಡೆಸಿದ ಕೈಗಳನ್ನು ಎಣಿಸುವವರು ವಿರಳ. ಆ ಕೈಗಳಲ್ಲಿ ಎರಡು ಬಗೆ. ಕೂಲಿಗಾಗಿ, ಲಾಭಕ್ಕಾಗಿ ದುಡಿಯುವ ಕೈಗಳು ಒಂದು ಬಗೆಯವು. ಏನನ್ನೂ ಬಯಸದೆ ದುಡಿಯುವ ಕೈಗಳು ಇನ್ನೊಂದು ಬಗೆಯವು. ಚಪ್ಪರ ಹಾಕುವವನು, ವಿದ್ಯುದ್ದೀಪದ ತಂತಿ ಎಳೆಯುವವನು, ಮೂಟೆ ಇಳಿಸುವ ಹಮಾಲಿ, ರಾಶಿಯ ಪಕ್ಕದಲ್ಲೇ ಕಂಬಳಿ ಹೊದ್ದು ಕಾರ್ತಿಕದ ಚಳಿಯಲ್ಲಿ ರಾತ್ರಿ ಕಳೆಯುವ ವ್ಯಾಪಾರಿ ಹೆಂಗಸು, ಇವರೆಲ್ಲ ಮೊದಲನೆಯ ಬಗೆ. ಆಕೆಗೆ ಪರಿಷೆಯೆಂದರೆ ವಿನೋದವಲ್ಲ. ಆ ನಾಲ್ಕಾರು ದಿನಗಳ ಮಾರಾಟದಿಂದ ಮಕ್ಕಳ ಬಟ್ಟೆ, ಸಾಲದ ಬಡ್ಡಿ, ಮುಂದಿನ ಬಿತ್ತನೆಯ ಖರ್ಚು ಹೊರಡಬೇಕು. ಬೀದಿಯಲ್ಲಿ ಕುಳಿತು ಮಾರುವವರ ಜೀವನೋಪಾಯಕ್ಕೆ ರಕ್ಷಣೆ ನೀಡುವ ಕಾನೂನು ನಮ್ಮ ದೇಶದಲ್ಲಿ ಬಂದದ್ದು 2014ರಲ್ಲಿ. ಅದಕ್ಕೆ ಮೊದಲು ನಗರವು ಅವರ ಸರಕನ್ನು ಕೊಳ್ಳುತ್ತಿತ್ತು, ಅವರು ಕುಳಿತ ಜಾಗವನ್ನು ಮಾತ್ರ ಅವರದೆಂದು ಒಪ್ಪುತ್ತಿರಲಿಲ್ಲ.

ಎರಡನೆಯ ಬಗೆಯವರು ದಾರಿ ತೋರಿಸುವ ಸ್ಕೌಟುಗಳು, ತಪ್ಪಿಸಿಕೊಂಡ ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ತಾಯಿಯನ್ನು ಹುಡುಕುವ ತರುಣರು, ಮನೆಯ ಮುಂದೆ ನೀರಿನ ಕೊಡ ಇಟ್ಟು ಬಂದವರ ಬಾಯಾರಿಕೆ ತಣಿಸುವ ಗೃಹಿಣಿಯರು. ಇದೇ ಊರಿನ ಕರಗವನ್ನು ನೋಡಿರಿ. ಚೈತ್ರ ಪೂರ್ಣಿಮೆಯ ರಾತ್ರಿ ತಿಗಳರಪೇಟೆಯ ಧರ್ಮರಾಯಸ್ವಾಮಿಯ ಗುಡಿಯಿಂದ ಕರಗ ಹೊರಡುವಾಗ ಕತ್ತಿ ಹಿಡಿದು ಸುತ್ತುವರಿಯುವ ವೀರಕುಮಾರರಿಗೆ ಸಂಬಳವಿಲ್ಲ. ಅವರನ್ನು ನಡೆಸುವುದು ವ್ರತ. ಆ ಮೆರವಣಿಗೆ ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೂ ಹೋಗಿಬರುತ್ತದೆ. ನಗರವೊಂದರ ಹಬ್ಬವು ಒಂದು ಕುಲದವರ ಹರಕೆಯಾಗಿ ಉಳಿಯದೆ ಹಲವರ ನಂಟಾಗುವುದು ಹೀಗೆ.

ಪರಿಷೆ ಮುಗಿದ ಮರುದಿನ ಬೆಳಗಿನ ಜಾವ ಆ ಬೀದಿಯಲ್ಲಿ ನಡೆದವರು ಬೇರೊಂದು ನೋಟವನ್ನು ಕಾಣುತ್ತಾರೆ. ಸಿಪ್ಪೆಯ ಹಾಸು, ಎಂಜಲೆಲೆ, ಹರಿದ ಚೀಲ, ಒಡೆದ ಬಲೂನು. ನೆರೆದವರು ಮನೆ ಸೇರಿದ್ದಾರೆ; ಅವರು ಬಿಟ್ಟುಹೋದದ್ದನ್ನು ಎತ್ತಲು ಪೌರಕಾರ್ಮಿಕರು ಬಂದಿದ್ದಾರೆ. ಅವರಲ್ಲಿ ಹೆಚ್ಚಿನವರು ಹೆಂಗಸರು. ಈ ಕೆಲಸದ ಇತಿಹಾಸ ನಮಗೆ ಹೆಮ್ಮೆ ತರುವಂಥದಲ್ಲ. ಮಲವನ್ನು ತಲೆಯ ಮೇಲೆ ಹೊರಿಸುವ ಪದ್ಧತಿಯನ್ನು ನಮ್ಮ ರಾಜ್ಯದಲ್ಲಿ ನಿಷೇಧಿಸಿದ್ದು 1970ರ ದಶಕದ ಮೊದಲ ವರ್ಷಗಳಲ್ಲಿ, ಬಿ. ಬಸವಲಿಂಗಪ್ಪನವರು ಸಚಿವರಾಗಿದ್ದಾಗ. ಅದೇ ದಶಕದಲ್ಲಿ ಐ.ಪಿ.ಡಿ. ಸಾಲಪ್ಪನವರ ಅಧ್ಯಕ್ಷತೆಯ ಸಮಿತಿಯೊಂದು ಈ ಕಾರ್ಮಿಕರ ಬಾಳುವೆಯನ್ನು ಪರಿಶೀಲಿಸಿ ವರದಿ ನೀಡಿತು. ಆದರೂ ಅವರಲ್ಲಿ ಬಹುಮಂದಿ ಬಹುಕಾಲ ಗುತ್ತಿಗೆದಾರರ ಕೈಕೆಳಗೆ ದುಡಿದರು. 2022ರ ಜುಲೈ ತಿಂಗಳಲ್ಲಿ ಅವರು ಕೆಲಸವನ್ನು ಕಾಯಂ ಮಾಡಬೇಕೆಂದು ಪೊರಕೆ ಕೆಳಗಿಟ್ಟು ಮುಷ್ಕರ ಹೂಡಿದಾಗ ಮಾತ್ರ, ಪ್ರತಿದಿನ ಬೀದಿಯನ್ನು ಗುಡಿಸುವವರು ಯಾರೆಂಬುದು ಎಷ್ಟೋ ಜನರಿಗೆ ಅರಿವಾಯಿತು. 2025ರ ಮೇ 1ರಂದು, ಕಾರ್ಮಿಕರ ದಿನದಂದೇ, ಬೆಂಗಳೂರಿನ 12 ಸಾವಿರಕ್ಕೂ ಹೆಚ್ಚು ಮಂದಿ ಪೌರಕಾರ್ಮಿಕರಿಗೆ ಕಾಯಂ ನೇಮಕದ ಪತ್ರಗಳು ದೊರೆತವು.

ಇಲ್ಲಿ ನಾವು ಸ್ವಲ್ಪ ನಿಂತು ಯೋಚಿಸಬೇಕು. ಹಬ್ಬಹರಿದಿನಗಳಂದು ಶಾಲಾ ಕಾಲೇಜುಗಳ ಮಕ್ಕಳು ಹೊಸ ಪೊರಕೆ ಹಿಡಿದು ಬೀದಿ ಗುಡಿಸಿ ಭಾವಚಿತ್ರ ತೆಗೆಸಿಕೊಳ್ಳುವುದುಂಟು. ಇದರಲ್ಲಿ ದೋಷವಿದೆಯೆಂದು ನಾನು ಹೇಳುವುದಿಲ್ಲ. ಪೊರಕೆಯ ಭಾರ ಎಷ್ಟೆಂಬುದು ಒಂದು ದಿನವಾದರೂ ತಿಳಿಯುವುದು ಒಳ್ಳೆಯದು. ಆದರೆ “ಮಕ್ಕಳು ಪುಕ್ಕಟೆಯಾಗಿ ಮಾಡುವಾಗ ಕೂಲಿಯವರೇಕೆ?” ಎಂದು ಯಾರಾದರೂ ಲೆಕ್ಕ ಹಾಕಿದರೆ, ಆ ಕ್ಷಣದಲ್ಲೇ ಸೇವೆಯು ಒಬ್ಬ ತಾಯಿಯ ಅನ್ನವನ್ನು ಕಸಿದುಕೊಂಡಂತಾಗುತ್ತದೆ. ಸೇವೆ ಇರಬೇಕಾದದ್ದು ಕೂಲಿಯ ಕೆಲಸದ ಪಕ್ಕದಲ್ಲಿ, ಅದರ ಜಾಗದಲ್ಲಲ್ಲ. ಸಿಪ್ಪೆಯನ್ನು ಬೀದಿಗೆ ಚೆಲ್ಲದಂತೆ ಜನರನ್ನು ಬೇಡಿಕೊಳ್ಳುವುದು, ಪ್ಲಾಸ್ಟಿಕ್ಕಿಗೆ ಬದಲಾಗಿ ಬಟ್ಟೆಯ ಚೀಲ ತರಬೇಕೆಂದು ಮನೆಮನೆಗೆ ಹೋಗಿ ಹೇಳುವುದು, ಇಂಥವು ಸ್ವಯಂಸೇವಕರಿಗೆ ತಕ್ಕ ಕೆಲಸಗಳು. ಅದರಿಂದ ಮರುದಿನದ ಪೊರಕೆಗೆ ಭಾರ ತಗ್ಗುತ್ತದೆ, ಕೂಲಿ ತಗ್ಗುವುದಿಲ್ಲ.

ನಮ್ಮ ಭಾಷೆ ಈ ವ್ಯತ್ಯಾಸವನ್ನು ಬಹಳ ಹಿಂದೆಯೇ ಗುರುತಿಸಿದೆ. ಸಂಸ್ಕೃತದ ‘ವಿಷ್ಟಿ’ ಕನ್ನಡದಲ್ಲಿ ‘ಬಿಟ್ಟಿ’ಯಾಯಿತು. ಒಡೆಯನು ಬಲವಂತದಿಂದ, ಕೂಲಿ ಕೊಡದೆ ಮಾಡಿಸಿಕೊಳ್ಳುತ್ತಿದ್ದ ದುಡಿಮೆಯೇ ಬಿಟ್ಟಿ. ಇಂದು ನಾವು ‘ಬಿಟ್ಟಿ ಸಿಕ್ಕಿತು’ ಎಂದು ನಗುತ್ತಾ ಹೇಳುವಾಗ, ಆ ಮಾತಿನ ಹಿಂದೆ ಎಷ್ಟು ಜನರ ಬೆವರಿದೆಯೆಂದು ನೆನೆಯುವುದಿಲ್ಲ. ಬಿಟ್ಟಿಗೂ ಸೇವೆಗೂ ಹೊರನೋಟಕ್ಕೆ ಭೇದವಿಲ್ಲ, ಎರಡರಲ್ಲಿಯೂ ಹಣವಿಲ್ಲ. ಮಾಡುವವನಿಗೆ ‘ಒಲ್ಲೆ’ ಎನ್ನುವ ಸ್ವಾತಂತ್ರ್ಯವಿದ್ದರೆ ಅದು ಸೇವೆ, ಇಲ್ಲದಿದ್ದರೆ ಬಿಟ್ಟಿ. ಹನ್ನೆರಡನೆಯ ಶತಮಾನದ ಶರಣರು ಕಾಯಕವನ್ನು ಮೊದಲು ಹೇಳಿ ದಾಸೋಹವನ್ನು ಅದರ ಜೊತೆಗಿಟ್ಟದ್ದೂ ವಿಚಾರಮಾಡಿಯೇ. ದುಡಿದು ಗಳಿಸಿದವನು ಹಂಚಬೇಕು. ಹಂಚುವ ಹೆಸರಿನಲ್ಲಿ ಮತ್ತೊಬ್ಬನ ದುಡಿಮೆಯನ್ನು ಕಬಳಿಸಬಾರದು. ನೆಲಕ್ಕೆ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಬದುಕುತ್ತಿದ್ದ ಆಯ್ದಕ್ಕಿ ಮಾರಯ್ಯನು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ತಂದಾಗ ಅವನ ಮಡದಿ ಲಕ್ಕಮ್ಮ ಅದನ್ನು ಹಿಂದಿರುಗಿಸಿ ಬರುವಂತೆ ಹೇಳಿದಳು. ಬಡವಳಾದ ಆಕೆಗೆ ತನ್ನ ಪಾಲೆಷ್ಟೆಂಬುದು ತಿಳಿದಿತ್ತು.

ನಮ್ಮ ಸಂವಿಧಾನದ 23ನೆಯ ವಿಧಿ ಬಿಟ್ಟಿ ದುಡಿಮೆಯನ್ನು ನಿಷೇಧಿಸಿದೆ. ಈ ವಿಧಿಯ ಅರ್ಥ ಎಷ್ಟು ವಿಶಾಲವೆಂಬುದು ಸ್ಪಷ್ಟವಾದದ್ದೂ ಒಂದು ದೊಡ್ಡ ನೆರವಿಯ ಸಂದರ್ಭದಲ್ಲಿಯೇ. 1982ರಲ್ಲಿ ದೆಹಲಿಯಲ್ಲಿ ಏಷ್ಯಾ ಕ್ರೀಡಾಕೂಟ ನಡೆಯುವುದಕ್ಕೆ ಮೊದಲು, ಅದರ ಕಟ್ಟಡಗಳನ್ನು ಕಟ್ಟುತ್ತಿದ್ದ ಕೂಲಿಗಾರರಿಗೆ ನಿಗದಿಯಾದ ಕೂಲಿ ಸಿಗುತ್ತಿಲ್ಲವೆಂಬ ದೂರು ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂತು. ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ದುಡಿಸುವುದು ಕೂಡ ಬಲವಂತದ ದುಡಿಮೆಯೇ, ಹಸಿವಿನ ಬಲವಂತವೂ ಬಲವಂತವೇ ಎಂದು ನ್ಯಾಯಾಲಯ ತೀರ್ಪಿತ್ತಿತು. ಕ್ರೀಡಾಕೂಟದ ಪದಕಗಳ ಸಂಖ್ಯೆ ಇಂದು ಕೆಲವರಿಗೆ ನೆನಪಿರಬಹುದು. ಈ ತೀರ್ಪನ್ನಂತೂ ಇಂದಿಗೂ ಉದಾಹರಿಸುತ್ತಾರೆ.

ಹಾಗಾದರೆ ಸ್ವಯಂಸೇವಕನೆಂದರೆ ಯಾರು? 1901ರಲ್ಲಿ ಗಾಂಧೀಜಿಯವರು ಕಲ್ಕತ್ತೆಯ ಕಾಂಗ್ರೆಸ್ ಅಧಿವೇಶನಕ್ಕೆ ಹೋದರು. ಆಗ ಅವರು ದೇಶಕ್ಕೆ ಅಷ್ಟಾಗಿ ಪರಿಚಿತರಲ್ಲದ ವಕೀಲರು. ಅಲ್ಲಿ ಸ್ವಯಂಸೇವಕರಿಗೆ ಕೊರತೆಯಿರಲಿಲ್ಲ. ಆದರೆ ಒಬ್ಬನಿಗೆ ಹೇಳಿದ ಕೆಲಸ ಇನ್ನೊಬ್ಬನಿಗೆ ಹೋಗುತ್ತಿತ್ತು, ಅವನಿಂದ ಮತ್ತೊಬ್ಬನಿಗೆ. ಕೆಲಸ ಮಾತ್ರ ಆಗುತ್ತಿರಲಿಲ್ಲ. ಶೌಚಸ್ಥಳಗಳ ಹೊಲಸನ್ನು ತೋರಿಸಿದಾಗ ಅದು ತಮ್ಮ ಕೆಲಸವಲ್ಲ, ಜಾಡಮಾಲಿಯದೆಂದು ಅವರು ಹೇಳಿದರು. ಗಾಂಧೀಜಿ ಪೊರಕೆಯೊಂದನ್ನು ಕೇಳಿ ಪಡೆದು ತಾವೇ ಶುಚಿಮಾಡಿದರು. ಅನಂತರ ಕಾರ್ಯಾಲಯಕ್ಕೆ ಹೋಗಿ, ಏನಾದರೂ ಕೆಲಸ ಕೊಡಿರೆಂದು ಬೇಡಿ, ಕಾರ್ಯದರ್ಶಿಯವರ ಬಳಿ ರಾಶಿಬಿದ್ದಿದ್ದ ಕಾಗದಗಳಿಗೆ ಉತ್ತರ ಬರೆಯುವ ಗುಮಾಸ್ತಿಕೆಯನ್ನು ಸಂತೋಷದಿಂದ ವಹಿಸಿಕೊಂಡರು. ವರ್ಷಕ್ಕೊಮ್ಮೆ ಮೂರು ದಿನ ಸೇರುವ ಸಭೆಯಲ್ಲಿ ಶಿಕ್ಷಣ ದೊರೆಯುವುದಾದರೂ ಹೇಗೆ ಎಂಬುದು ಅವರ ಆತ್ಮಕಥೆಯಲ್ಲಿ ಕಾಣುವ ಕೊರಗು.

ಆ ಕೊರತೆಯನ್ನು ತುಂಬಲು ಹೊರಟವರು ನಮ್ಮ ಕರ್ನಾಟಕದವರೇ. ಹುಬ್ಬಳ್ಳಿಯಲ್ಲಿ ಸೇವಾಕಾರ್ಯ ನಡೆಸುತ್ತಿದ್ದ ಡಾಕ್ಟರ್ ನಾ. ಸು. ಹರ್ಡೀಕರರು 1923ರಲ್ಲಿ ಹಿಂದೂಸ್ತಾನಿ ಸೇವಾದಳವನ್ನು ಕಟ್ಟಿದರು. ಸೇವೆಗೆ ಒಳ್ಳೆಯ ಮನಸ್ಸು ಸಾಲದು, ಅಭ್ಯಾಸ ಬೇಕು, ಹೇಳಿದ ಹೊತ್ತಿಗೆ ಹೇಳಿದ ಜಾಗದಲ್ಲಿರುವ ಶಿಸ್ತು ಬೇಕೆಂಬುದು ಅವರ ನಿಲುವು. ಮರುವರ್ಷ, 1924ರ ಡಿಸೆಂಬರಿನಲ್ಲಿ, ಗಾಂಧೀಜಿ ಅಧ್ಯಕ್ಷತೆ ವಹಿಸಿದ ಏಕೈಕ ಕಾಂಗ್ರೆಸ್ ಅಧಿವೇಶನ ಬೆಳಗಾವಿಯಲ್ಲಿ ನಡೆದಾಗ ದಳದವರ ದುಡಿಮೆಗೆ ಪರೀಕ್ಷೆಯ ಕಾಲ ಬಂತು. ಅವರು ಅದರಲ್ಲಿ ತೇರ್ಗಡೆಯಾದರು. ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷವಾದ 1969ರಲ್ಲಿ 37 ವಿಶ್ವವಿದ್ಯಾನಿಲಯಗಳಲ್ಲಿ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆಯೂ ಇದೇ ಪರಂಪರೆಯದು. ನಿಮ್ಮಲ್ಲಿ ಹಲವರು ಮುಂದೆ ಅದನ್ನು ಸೇರುವಿರಿ.

ಸೇವೆಗೆ ಸೇರುವಂತೆಯೇ ಕೆಲಸಕ್ಕೂ ನೀವು ಸೇರಬೇಕಾದ ಕಾಲ ದೂರವಿಲ್ಲ. ಎರಡನೆಯ ಮಹಾಯುದ್ಧ ಮುಗಿಯುತ್ತಿದ್ದ 1945ರಲ್ಲಿ, ಸೈನ್ಯದಿಂದ ಬಿಡುಗಡೆಯಾದವರಿಗೆ ಕೆಲಸ ಹುಡುಕಿಕೊಡಲೆಂದು ಉದ್ಯೋಗ ವಿನಿಮಯ ಕೇಂದ್ರಗಳು ಹುಟ್ಟಿದವು; 2015ರಿಂದ ಕೇಂದ್ರ ಸರ್ಕಾರದ ರಾಷ್ಟ್ರೀಯ ವೃತ್ತಿ ಸೇವೆಯಲ್ಲಿ ಮನೆಯಿಂದಲೇ ಹೆಸರು ನೋಂದಾಯಿಸಬಹುದಾಗಿದೆ. ಇಂತಹ ಕಡೆಗಳಲ್ಲಿ ವಿಚಾರಿಸುವುದು ಲೇಸು. ಕೆಲಸ ಕೊಡುತ್ತೇನೆಂದು ಹೇಳಿ ಮೊದಲು ಹಣ ಕೇಳುವವನು ಕೆಲಸ ಕೊಡುವವನಲ್ಲ. “ಮೂರು ತಿಂಗಳು ಸಂಬಳವಿಲ್ಲದೆ ಮಾಡು, ಅನುಭವವಾಗುತ್ತದೆ” ಎನ್ನುವ ಅಂಗಡಿಯವರೂ ನಗರಗಳಲ್ಲಿದ್ದಾರೆ. ಆಗ ಕೇಳಬೇಕಾದ ಪ್ರಶ್ನೆಗಳು ಸರಳವಾದವು: ನನ್ನ ದುಡಿಮೆಯಿಂದ ಲಾಭ ಪಡೆಯುವವರು ಯಾರು? ನನಗೆ ಕಲಿಸುವವರು ಯಾರು? ನಾನು ಬೇಡವೆಂದು ಹೊರಟರೆ ತಡೆಯುವವರಿದ್ದಾರೆಯೇ? ರೋಗಿಯ ಪಕ್ಕದಲ್ಲಿ ಕುಳಿತು ಕಾಗದ ಓದಿ ಹೇಳುವವನು ಈ ಪ್ರಶ್ನೆಗಳಿಗೆ ಸಂಕೋಚವಿಲ್ಲದೆ ಉತ್ತರ ಕೊಡಬಲ್ಲನು. ವರ್ತಕನ ಉಗ್ರಾಣದಲ್ಲಿ ಪುಕ್ಕಟೆಯಾಗಿ ಮೂಟೆ ಹೊರುವವನು ಕೊಡಲಾರನು.

ಕೂಲಿಯನ್ನು ಬಿಡಬಾರದ ಕೆಲಸಗಳನ್ನು ಕುರಿತು ಇಷ್ಟು ಹೇಳಿದ ಮೇಲೆ, ಹಣವನ್ನು ಮುಟ್ಟಲೇಬಾರದ ಒಂದು ದಾನವನ್ನೂ ಹೇಳಬೇಕು. ಒಂದು ಕಾಲಕ್ಕೆ ನಮ್ಮ ನಗರಗಳಲ್ಲಿ ರಕ್ತವನ್ನು ಮಾರುವವರಿದ್ದರು. ಹಸಿದವರು, ವ್ಯಸನಿಗಳು ಹಣದಾಸೆಗೆ ರೋಗವನ್ನು ಮುಚ್ಚಿಟ್ಟು ಮತ್ತೆ ಮತ್ತೆ ರಕ್ತ ಕೊಡುತ್ತಿದ್ದರು. ಕೊಟ್ಟವನೂ ಸೊರಗುತ್ತಿದ್ದ, ಪಡೆದವನಿಗೂ ರೋಗ ತಗಲುತ್ತಿತ್ತು. 1996ರಲ್ಲಿ ಸರ್ವೋಚ್ಚ ನ್ಯಾಯಾಲಯವು ನೀಡಿದ ತೀರ್ಪಿನ ಫಲವಾಗಿ 1998ರ ಜನವರಿ 1ರಿಂದ ರಕ್ತದ ಮಾರಾಟ ನಿಂತಿತು. ಅಂದಿನಿಂದ ಆಸ್ಪತ್ರೆಗಳ ರಕ್ತನಿಧಿಗಳು ನೆಚ್ಚಿರುವುದು ಜನರ ಔದಾರ್ಯವನ್ನೇ. ಪರೀಕ್ಷೆಯ ಕಾಲ, ಬೇಸಿಗೆಯ ರಜಾಕಾಲಗಳಲ್ಲಿ ಕಾಲೇಜುಗಳ ಶಿಬಿರಗಳು ನಿಂತು ಸಂಗ್ರಹ ತಗ್ಗಿದಾಗ, ಹೆರಿಗೆಯ ತಾಯಂದಿರ ಮನೆಯವರು ದಾನಿಗಳನ್ನು ಹುಡುಕಿಕೊಂಡು ಓಡಾಡಬೇಕಾಗುತ್ತದೆ. ರಕ್ತ ಕೊಡಲು 18 ವರ್ಷ ತುಂಬಿರಬೇಕು, ತೂಕ 45 ಕಿಲೋಗ್ರಾಮಿಗೆ ಕಡಿಮೆಯಿರಬಾರದು, ವೈದ್ಯರು ಪರೀಕ್ಷಿಸಿ ಒಪ್ಪಬೇಕು. ಒಮ್ಮೆ ಕೊಟ್ಟ ಮೇಲೆ ಗಂಡಸರು ಮೂರು ತಿಂಗಳು, ಹೆಂಗಸರು ನಾಲ್ಕು ತಿಂಗಳು ಬಿಟ್ಟು ಮತ್ತೆ ಕೊಡಬಹುದು. ಈ ಪಾಠ ಓದುತ್ತಿರುವ ನಿಮಗೆ ಇನ್ನೂ ಎರಡು ಮೂರು ವರ್ಷಗಳ ಕಾಲಾವಕಾಶವಿದೆ. ಅಷ್ಟರವರೆಗೆ ಮನೆಯ ಹಿರಿಯರಲ್ಲಿ ಯಾರ ರಕ್ತ ಯಾವ ಗುಂಪಿನದೆಂದು ಕೇಳಿ ತಿಳಿದು, ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿರಿ.