ಬೆನ್ನಿಗೆ ಸ್ಪಿರಿಟ್ ಉಜ್ಜುತ್ತಿದ್ದ ಕಾಲ ಹೋಯಿತು

ನರ್ಸಿಂಗ್ ಮುಗಿಸಿ ಮೊದಲ ಕೆಲಸಕ್ಕೆ ಸೇರಿದ ಹುಡುಗಿಯರಿಗೆ, ಪಿಎಚ್‌ಸಿಯ ಕುರ್ಚಿಯಲ್ಲಿ ಈಗಷ್ಟೇ ಕೂತ ಹೊಸ ಡಾಕ್ಟರುಗಳಿಗೆ, ಫಿಸಿಯೋಥೆರಪಿ ಮಕ್ಕಳಿಗೆ ಒಂದಿಷ್ಟು ಹೇಳುವುದಿದೆ. ವಾರ್ಡಿನಲ್ಲೇ ಕೂದಲು ಬೆಳ್ಳಗಾಗಿ ರಿಟೈರಾದವಳ ಮಾತು. ಸ್ವಲ್ಪ ಉದ್ದವಾದೀತು, ಸಹಿಸಿಕೊಳ್ಳಿ.

ನಾವು ಕಲಿಯುವಾಗ ಬೆಳಗಿನ ಡ್ಯೂಟಿ ಶುರುವಾಗುತ್ತಿದ್ದದ್ದೇ ಬೆನ್ನಿನ ಆರೈಕೆಯಿಂದ. ಹಾಸಿಗೆ ಹಿಡಿದ ಮುದುಕರನ್ನು ಮಗ್ಗುಲಿಗೆ ಹೊರಳಿಸಿ, ಬೆನ್ನಿಗೆ ಸ್ಪಿರಿಟ್ ಹಚ್ಚಿ, ಕೆಂಪಾದ ಕಡೆ ಚೆನ್ನಾಗಿ ಉಜ್ಜಿ, ಮೇಲೆ ಪೌಡರ್ ಹಾಕಬೇಕು. ಟೊಂಕದ ಕೆಳಗೆ ನಡುವೆ ತೂತಿರುವ ರಬ್ಬರ್ ರಿಂಗ್ ಇಡಬೇಕು. ಬಿಟ್ಟರೆ ಸಿಸ್ಟರ್ ಕೈಲಿ ಬೈಗುಳ ಖಾತ್ರಿ. ಪ್ರಾಕ್ಟಿಕಲ್ ಪರೀಕ್ಷೆಯಲ್ಲೂ ಅದಕ್ಕೆ ಮಾರ್ಕ್ಸು. ಇವತ್ತು ಅದರಲ್ಲಿ ಹೊರಳಿಸುವುದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಬೇಡವಾಗಿದೆ. ಮೊದಲೇ ಒಣಗಿದ ಮುಪ್ಪಿನ ಚರ್ಮವನ್ನು ಸ್ಪಿರಿಟ್ ಇನ್ನೂ ಒಣಗಿಸುತ್ತದೆ. ಮೂಳೆಯ ಮೇಲಿನ ಕೆಂಪು ಜಾಗವನ್ನು ಉಜ್ಜಿದರೆ ಒಳಗೆ ನೊಂದಿರುವ ಮಾಂಸ ಮತ್ತಷ್ಟು ಹಾಳಾಗುತ್ತದೆ. ರಿಂಗು ತನ್ನ ಅಂಚಿನುದ್ದಕ್ಕೂ ಒತ್ತಿ ರಕ್ತದ ಓಡಾಟವನ್ನೇ ತಡೆಯುತ್ತದೆ.

ಇಂಗ್ಲೆಂಡಿನ ನರ್ಸ್ ಡೊರೀನ್ ನಾರ್ಟನ್ ಮತ್ತು ಸಂಗಡಿಗರು ವೃದ್ಧರ ವಾರ್ಡುಗಳಲ್ಲಿ ಕೂತು ಇದನ್ನೆಲ್ಲ ಪರೀಕ್ಷಿಸಿ ಪುಸ್ತಕ ತಂದದ್ದು 1962ರಲ್ಲಿ. ದೇಹಸ್ಥಿತಿ, ಮನಸ್ಥಿತಿ, ಓಡಾಟ, ಹಾಸಿಗೆಯಲ್ಲಿ ತಾನೇ ಹೊರಳುವ ಶಕ್ತಿ, ಮಲಮೂತ್ರದ ಹಿಡಿತ, ಈ ಐದಕ್ಕೂ ಒಂದರಿಂದ ನಾಲ್ಕು ಅಂಕ ಕೊಟ್ಟು ಕೂಡಿಸಿ. 20ಕ್ಕೆ 14 ಅಥವಾ ಅದಕ್ಕೂ ಕಡಿಮೆ ಬಂದರೆ ಹಾಸಿಗೆ ಹುಣ್ಣಾಗುವ ಅಪಾಯವಿದೆ ಎಂದರು. ಹಚ್ಚುವ ಮದ್ದಿಗಿಂತ ಹೊರಳಿಸುವ ಕೈ ಮುಖ್ಯ ಎಂಬುದು ಅವರ ಕೆಲಸದ ಸಾರ. ಆ ಪುಸ್ತಕ ಬಂದು ಎಷ್ಟೋ ವರ್ಷವಾದ ಮೇಲೂ ನಮ್ಮ ಟ್ರಾಲಿಯ ಮೇಲೆ ಸ್ಪಿರಿಟ್ ಬಾಟಲಿ ಇತ್ತು. ನಮಗೆ ಕಲಿಸಿದವರು ದಡ್ಡರಲ್ಲ, ಸೋಮಾರಿಗಳೂ ಅಲ್ಲ. ಅವರಿಗೆ ಯಾರೂ ಹೊಸದನ್ನು ತಲುಪಿಸಲಿಲ್ಲ, ಅಷ್ಟೆ. ನೀವು ನಿನ್ನೆ ಕಾಲೇಜಿನಲ್ಲಿ ಬರೆದುಕೊಂಡ ನೋಟ್ಸಿನಲ್ಲೂ ಇಂಥ ಸ್ಪಿರಿಟ್ ಬಾಟಲಿಗಳು ಇದ್ದೇ ಇವೆ. ಯಾವುವು ಎಂದು ಇವತ್ತು ನನಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ಓದುತ್ತಲೇ ಇರಬೇಕಾದದ್ದು ಅದಕ್ಕೇ.

ರಿಜಿಸ್ಟ್ರೇಷನ್ ರಿನ್ಯೂವಲ್‌ಗಾಗಿ ಕ್ಲಾಸಿನ ಗಂಟೆ ತುಂಬಿಸುವ ವಿಷಯ ನಿಮಗೆ ಗೊತ್ತು. ಡಾಕ್ಟರಿಗೆ ಐದು ವರ್ಷಕ್ಕೆ 30 ಗಂಟೆ, ನರ್ಸಿಗೆ 150 ಗಂಟೆ. ಕೊನೇ ವರ್ಷ ಬಂದಾಗ ಎಲ್ಲಿ ಸರ್ಟಿಫಿಕೇಟ್ ಕೊಡುತ್ತಾರೋ ಅಲ್ಲಿಗೆ ಓಡುವುದು, ಬೆಳಿಗ್ಗೆ ಸಹಿ ಹಾಕಿ ಊಟದ ಹೊತ್ತಿಗೆ ಜಾಗ ಖಾಲಿ ಮಾಡುವುದು, ಇದೆಲ್ಲ ಎಲ್ಲರೂ ಕಂಡದ್ದೇ. ಅದರ ಬಗ್ಗೆ ಉಪದೇಶ ಮಾಡುವುದಿಲ್ಲ. ಒಂದೇ ಒಂದು ಕೇಳುತ್ತೇನೆ: ಯಾವ ಕ್ಲಾಸಿಗೆ ಹೋಗಬೇಕು ಎಂಬುದನ್ನು ನಿಮ್ಮ ವಾರ್ಡಿನ ಹಾಸಿಗೆಗಳನ್ನು ನೋಡಿ ತೀರ್ಮಾನಿಸಿ. 2011ರ ಜನಗಣತಿಯಲ್ಲೇ ನಮ್ಮ ರಾಜ್ಯದ ಶೇ. 9.5ರಷ್ಟು ಜನ 60 ದಾಟಿದವರು. ಮೆಡಿಕಲ್ ವಾರ್ಡಿನಲ್ಲಿ ಎಣಿಸಿದರೆ ಅದಕ್ಕಿಂತ ಎಷ್ಟೋ ಹೆಚ್ಚು ಸಿಗುತ್ತಾರೆ. ಹೋಟೆಲಿನ ಎ.ಸಿ. ಹಾಲಿನಲ್ಲಿ ಔಷಧ ಕಂಪನಿಯ ಖರ್ಚಿನಲ್ಲಿ ನಡೆಯುವ ಕಾರ್ಯಕ್ರಮಗಳಲ್ಲಿ ಹೊಸ ಮಾತ್ರೆಯ ಬಗ್ಗೆ ಚೆನ್ನಾಗಿಯೇ ಹೇಳುತ್ತಾರೆ. ಹಳೇ ಮಾತ್ರೆ ನಿಲ್ಲಿಸುವುದು ಹೇಗೆಂದು ಅಲ್ಲಿ ಯಾರೂ ಹೇಳುವುದಿಲ್ಲ. ಮುದುಕರ ವಿಷಯದಲ್ಲಿ ಅರ್ಧ ಚಿಕಿತ್ಸೆ ಇರುವುದೇ ಆ ನಿಲ್ಲಿಸುವುದರಲ್ಲಿ.

ಬಿಪಿಗೆಂದು ಅಮ್ಲೋಡಿಪಿನ್ ಕೊಟ್ಟಿರುತ್ತಾರೆ. ಕಾಲು ಊದುತ್ತದೆ. ಇನ್ನೊಬ್ಬ ಡಾಕ್ಟರು ಊತ ನೋಡಿ ನೀರಿಳಿಸುವ ಮಾತ್ರೆ ಬರೆಯುತ್ತಾರೆ. ರಾತ್ರಿ ನಾಲ್ಕು ಸಲ ಬಚ್ಚಲಿಗೆ ಏಳಬೇಕು, ನಿದ್ದೆ ಹೋಯಿತು. ನಿದ್ದೆಗೊಂದು ಮಾತ್ರೆ. ಆ ಮಂಪರಿನಲ್ಲಿ ಎದ್ದು ಹೊರಟ ಅಜ್ಜ ಹೊಸಿಲು ಎಡವಿ ಬಿದ್ದು ನಿಮ್ಮ ಆರ್ಥೋ ವಾರ್ಡಿಗೆ ಬರುತ್ತಾರೆ. ಕೇಸ್‌ಶೀಟಿನಲ್ಲಿ ಬರೆಯುವುದು ಮಾತ್ರ 'ಬಚ್ಚಲಲ್ಲಿ ಜಾರಿ ಬಿದ್ದದ್ದು' ಎಂದು. ಮನೆಯವರು ಪ್ಲಾಸ್ಟಿಕ್ ಕವರಿನಲ್ಲಿ ಮಾತ್ರೆಗಳನ್ನೆಲ್ಲ ತುಂಬಿಕೊಂಡು ಬಂದಿರುತ್ತಾರಲ್ಲ, ಅದನ್ನು ಟೇಬಲ್ ಮೇಲೆ ಸುರಿದು ಒಂದೊಂದನ್ನೂ ಯಾವಾಗ, ಯಾಕೆ ಶುರುವಾಯಿತೆಂದು ಕೇಳಿ. ಅಮೆರಿಕದ ವೈದ್ಯ ಮಾರ್ಕ್ ಬಿಯರ್ಸ್, ವೃದ್ಧರಿಗೆ ಆದಷ್ಟು ತಪ್ಪಿಸಬೇಕಾದ ಔಷಧಗಳ ಪಟ್ಟಿಯನ್ನು 1991ರಲ್ಲಿ ಮೊದಲು ಮಾಡಿದರು. ಅಲ್ಲಿನ ಜೀರಿಯಾಟ್ರಿಕ್ಸ್ ಸೊಸೈಟಿ ಅದನ್ನು ಮತ್ತೆ ಮತ್ತೆ ತಿದ್ದುತ್ತ ಬಂದಿದೆ, 2023ರಲ್ಲೂ ತಿದ್ದಿತು. ನೆಗಡಿ ಮಾತ್ರೆಯಲ್ಲಿರುವ ಕ್ಲೋರ್‌ಫೆನಿರಮಿನ್, ನರದ ನೋವಿಗೂ ನಿದ್ದೆಗೂ ಧಾರಾಳವಾಗಿ ಬರೆಯುವ ಅಮಿಟ್ರಿಪ್ಟಿಲಿನ್, ಡಯಾಜೆಪಾಮ್, ಶುಗರಿಗೆ ಕೊಡುವ ಗ್ಲಿಬೆನ್‌ಕ್ಲಮೈಡ್, ನಮ್ಮ ಅಂಗಡಿಗಳಲ್ಲಿ ದಿನಾ ಸಿಗುವ ಇವೆಲ್ಲ ಅದರಲ್ಲಿವೆ. ಗ್ಲಿಬೆನ್‌ಕ್ಲಮೈಡ್ ನುಂಗಿ ಏಕಾದಶಿ ಉಪವಾಸ ಕೂತ ಅಜ್ಜಿಗೆ ಏನಾಗುತ್ತದೆ ಎಂಬುದು ಅಮೆರಿಕದ ಪಟ್ಟಿಯಲ್ಲಿ ಇರುವುದಿಲ್ಲ. ಅದನ್ನು ನೀವೇ ಕೇಳಿ ತಿಳಿಯಬೇಕು.

ಡೆಲಿರಿಯಂ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ತೊಡೆಮೂಳೆ ಮುರಿದು ಆಪರೇಷನ್ ಆದ ಅಜ್ಜಿ ಎರಡನೇ ರಾತ್ರಿ ಡ್ರಿಪ್ ಕಿತ್ತುಹಾಕುತ್ತಾರೆ. ತೀರಿಹೋದ ಯಜಮಾನರನ್ನು ಕೂಗುತ್ತಾರೆ. ದನ ಕಟ್ಟಬೇಕು, ಬಿಡಿ ನನ್ನ ಎನ್ನುತ್ತಾರೆ. ಮನೆಯವರು 'ವಯಸ್ಸಾಯ್ತಲ್ಲ ಸಿಸ್ಟರ್, ಅರಳುಮರಳು' ಎಂದು ಸಮಾಧಾನ ಹೇಳಿಕೊಳ್ಳುತ್ತಾರೆ. ಮೊನ್ನೆಯವರೆಗೆ ಹಾಲಿನ ಲೆಕ್ಕ ತಪ್ಪದೆ ಬರೆಸುತ್ತಿದ್ದವರಿಗೆ ಎರಡು ದಿನದಲ್ಲಿ ಅರಳುಮರಳು ಬರುವುದಿಲ್ಲ, ಮಕ್ಕಳಾ. ಥಟ್ಟನೆ ಬಂದದ್ದೇ, ಗಳಿಗೆಗೊಂದು ಥರ ಇರುತ್ತಾರೆಯೇ, ಹೇಳಿದ್ದರ ಮೇಲೆ ಗಮನ ನಿಲ್ಲುವುದಿಲ್ಲವೇ ಎಂದು ನೋಡಿ. ಜೊತೆಗೆ ಮಾತು ದಿಕ್ಕೆಟ್ಟಿದ್ದರೆ ಅಥವಾ ಎಚ್ಚರದಲ್ಲಿ ಏರುಪೇರಿದ್ದರೆ ಅದು ಡೆಲಿರಿಯಂ. ಡಾ. ಶ್ಯಾರನ್ ಇನೊಯೆ ಈ ಅಳತೆಯನ್ನು ಕೊಟ್ಟದ್ದು 1990ರಲ್ಲಿ. ಓದು ಬಾರದ ಅಜ್ಜಿಗೂ ಭಾನುವಾರದಿಂದ ಹಿಂದಕ್ಕೆ ವಾರಗಳನ್ನು ಹೇಳಿ ಅನ್ನಬಹುದು. ಶನಿವಾರ, ಶುಕ್ರವಾರ ಎಂದು ಹೊರಟು ಗುರುವಾರದಲ್ಲಿ ಕಳೆದುಹೋದರೆ ಡಾಕ್ಟರಿಗೆ ಫೋನ್ ಮಾಡಿ. ಕಾರಣ ಸಾಮಾನ್ಯವಾಗಿ ಚಿಕ್ಕದೇ: ಮೂತ್ರದ ಸೋಂಕು, ಮೂರು ದಿನದ ಮಲಬದ್ಧತೆ, ಇಳಿದ ಸೋಡಿಯಂ, ಹೊಸ ಮಾತ್ರೆ, ತಡೆಯದ ನೋವು, ಮನೆಯಲ್ಲೇ ಉಳಿದ ಕನ್ನಡಕ. ಕೈ ಕಟ್ಟಿಹಾಕಿದರೆ ಗಲಾಟೆ ಹೆಚ್ಚುತ್ತದೆ. ಮಗಳನ್ನು ಪಕ್ಕದಲ್ಲಿ ಕೂರಿಸಿ, ಕನ್ನಡಕ ತರಿಸಿ, ಬೇಡದ ಕ್ಯಾತಿಟರ್ ತೆಗೆಸಿ, ರಾತ್ರಿ ದೀಪ ತಗ್ಗಿಸಿ. ಇನ್ನು ಗಲಾಟೆ ಮಾಡುವವರಾದರೂ ನಿಮ್ಮ ಕಣ್ಣಿಗೆ ಬೀಳುತ್ತಾರೆ. ಮೂಲೆಯ ಹಾಸಿಗೆಯಲ್ಲಿ ದಿನವಿಡೀ ಸುಮ್ಮನೆ ತೂಕಡಿಸುವ ತಾತನಿಗೂ ಇದೇ ಕಾಯಿಲೆ ಇರಬಹುದು. ಹ್ಯಾಂಡೋವರಿನಲ್ಲಿ ಅವರ ಹೆಸರಿನ ಮುಂದೆ 'ಏನೂ ತೊಂದರೆಯಿಲ್ಲ' ಎಂದಿರುತ್ತದೆ. ಅವರೇ ಹೆಚ್ಚಾಗಿ ಕೈ ತಪ್ಪಿ ಹೋಗುವುದು.

ಮುದುಕರಲ್ಲಿ ನ್ಯುಮೋನಿಯಾ ಜ್ವರವಿಲ್ಲದೆ ಬರಬಹುದು, ಹೃದಯಾಘಾತ ಎದೆನೋವಿಲ್ಲದೆ ಆಗಬಹುದು. ಇದು ಪುಸ್ತಕದಲ್ಲಿದೆ, ಓದಿಕೊಳ್ಳಿ. ಪುಸ್ತಕದಲ್ಲಿದ್ದೂ ವಾರ್ಡಿಗೆ ಇಳಿಯದ್ದು ನಡೆಸುವ ವಿಷಯ. 'ಅಜ್ಜ, ಮಲಗಿರಿ, ಎದ್ದರೆ ಬೀಳ್ತೀರಿ' ಎನ್ನುವುದು ನಮಗೆ ಅಭ್ಯಾಸವಾಗಿದೆ. ಆರೋಗ್ಯವಂತ ಹಿರಿಯರನ್ನು ಹತ್ತು ದಿನ ಹಾಸಿಗೆಯಲ್ಲೇ ಇರಿಸಿ ನೋಡಿದ ಒಂದು ಅಧ್ಯಯನ 2007ರಲ್ಲಿ ಬಂತು; ಕಾಲುಗಳಲ್ಲೇ ಸುಮಾರು ಒಂದು ಕಿಲೋ ಮಾಂಸಖಂಡ ಕರಗಿತ್ತು. ಕಾರಿಡಾರಿನಲ್ಲಿ ಕುರ್ಚಿಯಿಟ್ಟು ಮೂರು ಮೀಟರಿಗೆ ಸೀಮೆಸುಣ್ಣದ ಗೆರೆ ಎಳೆಯಿರಿ. ಎದ್ದು, ಗೆರೆಯವರೆಗೆ ನಡೆದು, ತಿರುಗಿ ಬಂದು ಕೂರಲು 12 ಸೆಕೆಂಡ್ ಅಥವಾ ಅದಕ್ಕೂ ಹೆಚ್ಚು ಬೇಕಾದರೆ ಬೀಳುವ ಸಂಭವ ಇದೆ. ಐದು ನಿಮಿಷ ಮಲಗಿಸಿ ಬಿಪಿ ನೋಡಿ, ನಿಲ್ಲಿಸಿ ಒಂದನೇ ನಿಮಿಷಕ್ಕೂ ಮೂರನೇ ನಿಮಿಷಕ್ಕೂ ನೋಡಿ. ಮೇಲಿನದು 20 ಅಥವಾ ಕೆಳಗಿನದು 10 ಇಳಿದರೆ ಬರೆದಿಡಿ. ಹೊಸ ಯಂತ್ರ ಬೇಡ, ಗ್ರಾಂಟ್ ಬೇಡ, ಯಾರ ಅನುಮತಿಯೂ ಬೇಡ.

ಕಲಿಯಲು ಜಾಗವಿಲ್ಲ ಎನ್ನಬೇಡಿ. ನಮ್ಮ ಕಾಲಕ್ಕೆ ಅದು ನಿಜವಾಗಿತ್ತು. ಚೆನ್ನೈನ ಸರ್ಕಾರಿ ಆಸ್ಪತ್ರೆಯಲ್ಲಿ ಡಾ. ವಿ.ಎಸ್. ನಟರಾಜನ್ 1978ರಲ್ಲಿ ವೃದ್ಧರಿಗೆಂದೇ ವಿಭಾಗ ಶುರುಮಾಡಿದ್ದೇ ದೇಶಕ್ಕೆ ಹೊಸದು, ಆ ವಿಷಯದಲ್ಲಿ ಎಂ.ಡಿ. ಕೋರ್ಸು ಬಂದದ್ದು 1996ರಲ್ಲಿ. ಈಗ ನಿಮ್ಹಾನ್ಸ್‌ನವರು ತಾಲ್ಲೂಕಿನಲ್ಲಿ ಕೂತವರಿಗೂ ಆನ್‌ಲೈನಿನಲ್ಲಿ ಪಾಠ ಮಾಡುತ್ತಾರೆ, ನಿಮ್ಮದೇ ಕೇಸು ತಂದು ಚರ್ಚಿಸಬಹುದು. ನೆನಪಿನ ಪರೀಕ್ಷೆಗೆ ಐಸಿಎಂಆರ್ ಸಿದ್ಧಪಡಿಸಿದ ಸಾಮಗ್ರಿ ಕನ್ನಡದಲ್ಲೂ ಇದೆ. ಇಂಗ್ಲಿಷ್ ಪ್ರಶ್ನಾವಳಿಯನ್ನು ಅಲ್ಲೇ ನಿಂತು ಕನ್ನಡಿಸಿ, ಶಾಲೆಯ ಮುಖ ನೋಡದ ಅಜ್ಜಿಗೆ ವಾಕ್ಯ ಬರೆಯಿರಿ ಎಂದು ಹೇಳಿ, ಬರೆಯಲಿಲ್ಲ ಎಂದು ಡಿಮೆನ್ಷಿಯಾ ಅಂಟಿಸುವುದು ಅನ್ಯಾಯ. ಹಾಗೆಯೇ ತೋಳಿನಲ್ಲಿ ಬೆರಳಚ್ಚಿನಂಥ ಕಂದಿದ ಗುರುತು ಕಂಡರೆ ಮಗನೋ ಸೊಸೆಯೋ ಹೇಳಿದ ಕಥೆಗೇ ನಿಲ್ಲಬೇಡಿ. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆ ಏನು ಹೇಳುತ್ತದೆಂದು ತಿಳಿದಿರಲಿ, 14567 ಸಹಾಯವಾಣಿಯ ನಂಬರ್ ವಾರ್ಡಿನ ಗೋಡೆಯ ಮೇಲಿರಲಿ.

ಕ್ಲಾಸಿನಿಂದ ಬಂದವರು ಮುಂದಿನ ಡ್ಯೂಟಿಯಲ್ಲಿ ಏನಾದರೂ ಒಂದನ್ನು ಬದಲಿಸಿ, ಜೊತೆಯವರಿಗೆ ಹೇಳಿಕೊಡಿ. ಸರ್ಟಿಫಿಕೇಟ್ ಆಮೇಲೆ ಫೈಲಿಗೆ ಹಾಕಿದರಾಯಿತು.

ಕಡೆಯದಾಗಿ ನರ್ಸಿಂಗ್ ಸೂಪರಿಂಟೆಂಡೆಂಟರಿಗೆ, ಡ್ಯೂಟಿ ರೋಸ್ಟರ್ ಬರೆಯುವ ಎಲ್ಲರಿಗೂ ಒಂದು ಮಾತು. ರಾತ್ರಿ ಎರಡು ಗಂಟೆಗೆ ಅಜ್ಜಿಯನ್ನು ಹೊರಳಿಸುವವಳು ಆಯಾ. ಮನೆಗೆ ಹೋದ ಮೇಲೆ ಊಟ ಮಾಡಿಸುವವಳು ಏಜೆನ್ಸಿ ಕಳಿಸಿದ ಹುಡುಗಿ. ಅವರಿಗೆ ಕ್ರೆಡಿಟ್ ಗಂಟೆಯೂ ಇಲ್ಲ, ರಿನ್ಯೂವಲ್ಲೂ ಇಲ್ಲ, ಹಾಗಾಗಿ ಯಾರೂ ಕರೆಯುವುದಿಲ್ಲ. ನೈಟ್ ಡ್ಯೂಟಿಯ ನರ್ಸ್ ನಿದ್ದೆಗೆಟ್ಟು ಬರಬೇಕಾಗುವ ಹೊತ್ತಿಗೇ ಕ್ಲಾಸು ಇಡುತ್ತೀರಿ. ಕ್ಲಾಸನ್ನು ಡ್ಯೂಟಿಯ ಅವಧಿಯಲ್ಲೇ ಇಡಿ, ಕನ್ನಡದಲ್ಲಿ ಮಾಡಿಸಿ, ಮುಂದಿನ ಸಾಲಿನಲ್ಲಿ ಆಯಾಗಳನ್ನು ಕೂರಿಸಿ.