ಕೋವಿಡ್ ಕಾಲದ ಸಂಶೋಧನೆ: ಮಹಾಪ್ರಬಂಧದಲ್ಲಿ ಅಡಚಣೆಯ ನಿರೂಪಣೆ

1. ಪ್ರಸ್ತಾವನೆ

ಅಧ್ಯಯನದ ಉದ್ದೇಶ, ವ್ಯಾಪ್ತಿ, ವಿಧಾನ ಹಾಗೂ ಇತಿಮಿತಿಗಳನ್ನು ಮೊದಲ ಅಧ್ಯಾಯದಲ್ಲಿ ಹೇಳುವುದು ಕನ್ನಡ ಮಹಾಪ್ರಬಂಧಗಳಲ್ಲಿ ನೆಲೆಗೊಂಡಿರುವ ರೂಢಿ. ಇವುಗಳಲ್ಲಿ ಹೆಚ್ಚು ನಿರ್ಲಕ್ಷ್ಯಕ್ಕೆ ಒಳಗಾದುದು ಇತಿಮಿತಿ. ಎಷ್ಟೋ ಪ್ರಬಂಧಗಳಲ್ಲಿ ಅದು ಒಂದೆರಡು ಸಾಲಿನ ವಿನಯವಚನವಾಗಿ ಮುಗಿದುಹೋಗುತ್ತದೆ. ಕೋವಿಡ್ ಮಹಾಮಾರಿಯ ವರ್ಷಗಳಲ್ಲಿ ನಡೆದ ಸಂಶೋಧನೆಗಳು ಈ ರೂಢಿಯನ್ನು ಮರುಪರಿಶೀಲಿಸುವಂತೆ ಮಾಡಿವೆ. ಕ್ಷೇತ್ರಕಾರ್ಯ ನಿಂತುಹೋದ, ಗ್ರಂಥಾಲಯ ಮುಚ್ಚಿದ, ವಕ್ತೃಗಳು ತೀರಿಹೋದ ಸಂದರ್ಭದಲ್ಲಿ ಸಿದ್ಧವಾದ ಪ್ರಬಂಧವು ಆ ಅಡಚಣೆಯನ್ನು ಎಲ್ಲಿ, ಎಷ್ಟು, ಹೇಗೆ ಹೇಳಬೇಕು ಎಂಬ ಪ್ರಶ್ನೆ ಕೇವಲ ಶಿಷ್ಟಾಚಾರದ್ದಲ್ಲ. ಅದು ಆಕರ ವಿಮರ್ಶೆಗೆ ಸೇರಿದ ಪ್ರಶ್ನೆ. ಈ ದೃಷ್ಟಿಯಿಂದ ಪ್ರಸ್ತುತ ಲೇಖನದಲ್ಲಿ ಅದನ್ನು ವಿವೇಚಿಸಲಾಗಿದೆ.

2. ಕಾಲದ ಹಿನ್ನೆಲೆ

ವಿಶ್ವ ಆರೋಗ್ಯ ಸಂಸ್ಥೆಯು ಕೋವಿಡನ್ನು ಜಾಗತಿಕ ಮಹಾಮಾರಿಯೆಂದು 2020ರ ಮಾರ್ಚ್ 11ರಂದು ಸಾರಿತು. ಮಾರ್ಚ್ 25ರಿಂದ ದೇಶವ್ಯಾಪಿ ಲಾಕ್‌ಡೌನ್ ಜಾರಿಗೆ ಬಂದಿತು. ಅದೇ ವರ್ಷದ ಜೂನ್ 8ರಿಂದ ಕರ್ನಾಟಕದ ದೇವಾಲಯಗಳಲ್ಲಿ ದರ್ಶನಕ್ಕೆ ಅವಕಾಶ ದೊರೆತರೂ ಜಾತ್ರೆ, ಉತ್ಸವಗಳ ಮೇಲಿನ ನಿರ್ಬಂಧ ತೆರವಾಗಲಿಲ್ಲ. ಎರಡನೆಯ ಅಲೆಯ ಕಾರಣದಿಂದ 2021ರ ಏಪ್ರಿಲ್ 27ರಿಂದ ರಾಜ್ಯದಲ್ಲಿ ಮತ್ತೆ ಕಠಿಣ ನಿರ್ಬಂಧಗಳು ಬಂದವು. ಹೀಗಾಗಿ ಜಾತ್ರೆ, ಹಬ್ಬ, ಆಚರಣೆಗಳನ್ನು ಅವಲಂಬಿಸಿದ ಸಂಶೋಧಕರಿಗೆ ತಪ್ಪಿದ್ದು ಕೆಲವು ತಿಂಗಳುಗಳಲ್ಲ, ವರ್ಷದ ಆವರ್ತನಗಳು. ಯುಗಾದಿಯ ಆಸುಪಾಸಿನ ಜಾತ್ರೆಯೊಂದನ್ನು 2020ರಲ್ಲಿ ಕಳೆದುಕೊಂಡವನಿಗೆ ಮುಂದಿನ ಅವಕಾಶ 2021ರಲ್ಲಿ ಬರಬೇಕಾಗಿತ್ತು. ಆ ವರ್ಷವೂ ಅದೇ ಋತುವಿನಲ್ಲಿ ರೋಗ ಮರಳಿತು.

ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2020ರ ಏಪ್ರಿಲ್ 29ರ ಮಾರ್ಗಸೂಚಿಗಳಲ್ಲಿ ಎಂ.ಫಿಲ್. ಮತ್ತು ಪಿಎಚ್.ಡಿ. ವಿದ್ಯಾರ್ಥಿಗಳಿಗೆ ಆರು ತಿಂಗಳ ಕಾಲಾವಕಾಶವನ್ನು ಸೂಚಿಸಿತು. ಮೌಖಿಕ ಪರೀಕ್ಷೆಯನ್ನು ವಿಡಿಯೋ ಸಂವಾದದ ಮೂಲಕ ನಡೆಸಲೂ ಅವಕಾಶವಿತ್ತಿತು. ಪ್ರಬಂಧ ಸಲ್ಲಿಕೆಯ ಅವಧಿ ಆಮೇಲೂ ವಿಸ್ತರಣೆಗೊಂಡಿತು. ಈ ಕ್ರಮಗಳು ಅಗತ್ಯವಾಗಿದ್ದವು. ಆದರೆ ಅವು ಕಾಲವನ್ನು ಕೊಟ್ಟವೇ ಹೊರತು ಆಕರವನ್ನು ಕೊಡಲಿಲ್ಲ. ಆಡಳಿತದ ದೃಷ್ಟಿಯಲ್ಲಿ ಪರಿಹಾರವಾದ ಸಮಸ್ಯೆ ಸಂಶೋಧನೆಯ ದೃಷ್ಟಿಯಲ್ಲಿ ಹಾಗೆಯೇ ಉಳಿಯಿತು ಎಂಬುದನ್ನು ಇಲ್ಲಿ ಗಮನಿಸಬೇಕು.

3. ಅಡಚಣೆಯ ನಾಲ್ಕು ಬಗೆಗಳು

ಪ್ರಬಂಧಗಳಲ್ಲಿ ಸಾಮಾನ್ಯವಾಗಿ ಕಂಡುಬರುವ ವಾಕ್ಯವೆಂದರೆ "ಕೋವಿಡ್ ಕಾರಣದಿಂದ ಅಧ್ಯಯನಕ್ಕೆ ತೊಂದರೆಯಾಯಿತು" ಎಂಬುದು. ಈ ವಾಕ್ಯ ಸುಳ್ಳಲ್ಲ. ಆದರೆ ಓದುಗನಿಗೆ ಅದರಿಂದ ಏನೂ ತಿಳಿಯುವುದಿಲ್ಲ. ಅಡಚಣೆಯನ್ನು ನಾಲ್ಕಾಗಿ ವಿಂಗಡಿಸಿದಲ್ಲಿ ಪ್ರತಿಯೊಂದಕ್ಕೂ ಉಚಿತವಾದ ಸ್ಥಾನ ದೊರೆಯುತ್ತದೆ.

ಮೊದಲನೆಯದು ವಿಳಂಬ. ಕೆಲಸ ತಡವಾಯಿತಾದರೂ ಯೋಜಿಸಿದಂತೆಯೇ ನಡೆಯಿತು ಎಂದಾದರೆ ಅದಕ್ಕೆ ಪ್ರಬಂಧದೊಳಗೆ ಸ್ಥಾನವಿಲ್ಲ. ಮಾರ್ಗದರ್ಶಕರ ಮೂಲಕ ವಿಭಾಗಕ್ಕೆ ಸಲ್ಲಿಸುವ ಅವಧಿ ವಿಸ್ತರಣೆಯ ಮನವಿಯಲ್ಲಿ ಅದು ಇದ್ದರೆ ಸಾಕು. ಎರಡನೆಯದು ವಿಧಾನದ ಬದಲಾವಣೆ. ಮುಖಾಮುಖಿ ಸಂದರ್ಶನದ ಬದಲು ದೂರವಾಣಿ, ಮೂಲ ಹಸ್ತಪ್ರತಿಯ ಬದಲು ಛಾಯಾಪ್ರತಿ ಬಳಸಿದ್ದರೆ ಅದನ್ನು ವಿಧಾನದ ಭಾಗದಲ್ಲಿ ವಿವರಿಸಬೇಕು. ಮೂರನೆಯದು ವ್ಯಾಪ್ತಿಯ ಸಂಕೋಚ. ಐದು ತಾಲ್ಲೂಕುಗಳ ಬದಲು ಎರಡನ್ನು ಮಾತ್ರ ಅಧ್ಯಯನ ಮಾಡಿದ್ದರೆ ಅದು ವ್ಯಾಪ್ತಿಯಲ್ಲಿಯೂ ಫಲಿತಗಳಲ್ಲಿಯೂ ಕಾಣಿಸಬೇಕು. ಸಾಧ್ಯವಾದಲ್ಲಿ ಶೀರ್ಷಿಕೆಯನ್ನೇ ತಿದ್ದಿಕೊಳ್ಳುವುದು ಯುಕ್ತ. ನಾಲ್ಕನೆಯದು ವೈಯಕ್ತಿಕ ಸಂಕಷ್ಟ: ಕಾಯಿಲೆ, ಮನೆಯವರ ಮರಣ, ಶಿಷ್ಯವೇತನ ಅಥವಾ ನೌಕರಿಯ ನಷ್ಟ. ಇದನ್ನು ಹೇಳಲೇಬೇಕೆಂಬ ಕಟ್ಟುಪಾಡಿಲ್ಲ. ಹೇಳಬೇಕೆನಿಸಿದರೆ ಕೃತಜ್ಞತೆಯ ಪುಟಗಳಲ್ಲಿ ಅವಕಾಶವಿದೆ. ದುಃಖವನ್ನು ಪುರಾವೆಯ ಕೊರತೆಗೆ ಸಮಜಾಯಿಷಿಯಾಗಿ ಮುಂದಿಡುವುದು ದುಃಖಕ್ಕೂ ಪುರಾವೆಗೂ ನ್ಯಾಯವಲ್ಲ.

4. ಆಕರದ ಸ್ವರೂಪ ಬದಲಾದಾಗ

ಈ ನಾಲ್ಕರಲ್ಲಿ ವಿಶೇಷ ವಿವೇಚನೆಗೆ ಅರ್ಹವಾದುದು ಎರಡನೆಯದು. ವಿಧಾನ ಬದಲಾದಾಗ ಆಕರದ ಪ್ರಮಾಣ ಮಾತ್ರವಲ್ಲ, ಅದರ ಗುಣವೂ ಬದಲಾಗುತ್ತದೆ. ಕನ್ನಡ ಅಧ್ಯಯನದ ಕೆಲವು ಕ್ಷೇತ್ರಗಳಿಂದ ಇದನ್ನು ಸ್ಪಷ್ಟಪಡಿಸಬಹುದು.

(ಅ) ಜಾನಪದ: ನೀಲಗಾರರು ಹಾಡುವ ಮಂಟೇಸ್ವಾಮಿ ಕಾವ್ಯ, ದೇವರಗುಡ್ಡರು ಹಾಡುವ ಮಲೆಯ ಮಾದೇಶ್ವರ ಕಾವ್ಯಗಳು ಹಿಮ್ಮೇಳ, ವಾದ್ಯ ಹಾಗೂ ಕೇಳುಗ ಸಮೂಹಗಳ ನಡುವೆ ರೂಪುಗೊಳ್ಳುವಂಥವು. ಇಂತಹ ಕಾವ್ಯದ ಕಥೆಯನ್ನು ಗಾಯಕನೊಬ್ಬ ದೂರವಾಣಿಯಲ್ಲಿ ಹೇಳಿದಾಗ ಹಾಡು ಮಾತಾಗುತ್ತದೆ. ಪಲ್ಲವಿ, ಪುನರುಕ್ತಿಗಳು ಉದುರುತ್ತವೆ. ಉಳಿಯುವುದು ಹೆಚ್ಚಾಗಿ ಕಥಾಸಾರ. ಈ ಪಠ್ಯವನ್ನು ಪ್ರದರ್ಶನದ ಧ್ವನಿಮುದ್ರಣದಿಂದ ಇಳಿಸಿದ ಪಠ್ಯದೊಡನೆ ಹೋಲಿಸಿ, ಕಾವ್ಯ ಸಂಕ್ಷಿಪ್ತಗೊಳ್ಳುತ್ತಿದೆ ಅಥವಾ ಪರಂಪರೆ ಕ್ಷೀಣಿಸುತ್ತಿದೆ ಎಂದು ತೀರ್ಮಾನಿಸಿದರೆ ಅದು ಗಂಭೀರವಾದ ದೋಷ. ಅಲ್ಲಿ ಕುಗ್ಗಿದ್ದು ಪರಂಪರೆಯಲ್ಲ, ಸಂಗ್ರಹದ ಸಂದರ್ಭ.

(ಆ) ಉಪಭಾಷಾ ಅಧ್ಯಯನ: ಸಾಂಪ್ರದಾಯಿಕ ದೂರವಾಣಿಯು ಸುಮಾರು 300ರಿಂದ 3400 ಹರ್ಟ್ಸ್‌ವರೆಗಿನ ಧ್ವನಿಯನ್ನು ಮಾತ್ರ ಸಾಗಿಸುತ್ತದೆ. 'ಸ'ಕಾರದ ಗುರುತಾದ ಸೀತ್ಕಾರದ ಬಹುಭಾಗ ಈ ಮಿತಿಗಿಂತ ಮೇಲಿರುತ್ತದೆ. ಆದ್ದರಿಂದ ವಕ್ತೃವೊಬ್ಬನು 'ಶ'ಕಾರವನ್ನು 'ಸ'ಕಾರವಾಗಿ ಉಚ್ಚರಿಸುತ್ತಾನೆಯೇ ಇಲ್ಲವೇ ಎಂಬುದನ್ನು ಇಂತಹ ಕರೆಯ ಮುದ್ರಣದಿಂದ ನಿರ್ಣಯಿಸುವುದು ಅಪಾಯಕರ. ಪದಕೋಶ, ವಾಕ್ಯರಚನೆಗಳ ವಿಷಯದಲ್ಲಿ ಅದೇ ಮುದ್ರಣ ಸಾಕಷ್ಟು ವಿಶ್ವಾಸಾರ್ಹವಾಗಿರಬಹುದು. ಅಂದರೆ ಒಂದೇ ಆಕರವು ಒಂದು ಪ್ರಶ್ನೆಗೆ ಯೋಗ್ಯವೂ ಮತ್ತೊಂದಕ್ಕೆ ಅಯೋಗ್ಯವೂ ಆಗುತ್ತದೆ. ಇದನ್ನು ಪ್ರಶ್ನೆವಾರು ಹೇಳಬೇಕೇ ವಿನಾ ಸಾರಾಸಗಟಾಗಿ ಅಲ್ಲ.

(ಇ) ಗ್ರಂಥಸಂಪಾದನೆ: ಗಣಕೀಕೃತ ಪ್ರತಿಗಳನ್ನು ಆಧರಿಸಿ ಪಾಠಾಂತರ ಗುರುತಿಸುವುದು ಸಾಧ್ಯ. ಆದರೆ ಗರಿಯ ಅಂಚು, ಮಸಿ ತುಂಬದ ಗೀರು, ಹುಳು ಕೊರೆದ ರಂಧ್ರ, ಅಕ್ಷರದ ಮೇಲಿನ ತಿದ್ದುಪಡಿಗಳು ಛಾಯಾಪ್ರತಿಯಲ್ಲಿ ಮೋಸಗೊಳಿಸುತ್ತವೆ. ಯಾವ ಪ್ರತಿಗಳನ್ನು ಮೂಲದಲ್ಲಿ, ಯಾವುವನ್ನು ಛಾಯೆಯಲ್ಲಿ ನೋಡಲಾಗಿದೆ ಎಂಬುದನ್ನು ಪ್ರತಿಗಳ ವಿವರಣೆಯಲ್ಲಿಯೇ ಸಂಕೇತದೊಡನೆ ಸೂಚಿಸುವುದು ಅಗತ್ಯ.

(ಈ) ಪ್ರಶ್ನಾವಳಿ: ಅಂತರ್ಜಾಲದ ಮೂಲಕ ಹಂಚಿದ ಪ್ರಶ್ನಾವಳಿಗೆ ಸ್ಮಾರ್ಟ್‌ಫೋನ್ ಹಾಗೂ ಅಕ್ಷರಜ್ಞಾನ ಇದ್ದವರು ಮಾತ್ರ ಉತ್ತರಿಸಬಲ್ಲರು. ಸ್ವಂತ ಫೋನಿಲ್ಲದ ಮಹಿಳೆಯರು, ಕೂಲಿಕಾರರು, ವೃದ್ಧರು ಆ ಮಾದರಿಯಿಂದ ಮೌನವಾಗಿ ಹೊರಗುಳಿಯುತ್ತಾರೆ. ಉತ್ತರಿಸಿದವರ ಸಂಖ್ಯೆಯಷ್ಟೇ ಅಲ್ಲ, ಯಾರು ತಲುಪಲಿಲ್ಲ ಎಂಬುದೂ ದಾಖಲಾಗಬೇಕು.

5. ನಿರೂಪಣೆಯ ಕ್ರಮ

ಅಡಚಣೆಯ ಒಳ್ಳೆಯ ನಿರೂಪಣೆ ಐದು ಪ್ರಶ್ನೆಗಳಿಗೆ ಉತ್ತರವಾಗಿರುತ್ತದೆ: ಮೂಲ ಯೋಜನೆ ಯಾವುದು? ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ ಏನು ನಿಂತಿತು? ಅದರ ಬದಲಿಗೆ ಏನು ಮಾಡಲಾಯಿತು? ಆ ಬದಲಾವಣೆಯಿಂದ ಯಾವ ಫಲಿತಗಳು ದುರ್ಬಲವಾದವು, ಯಾವುವು ಬಾಧೆಗೊಳ್ಳಲಿಲ್ಲ? ಮುಂದಿನ ಸಂಶೋಧಕರಿಗೆ ಉಳಿದಿರುವ ಕೆಲಸವೇನು?

ಉದಾಹರಣೆಗಾಗಿ ಕಲ್ಪಿಸಿದ ಒಂದು ಟಿಪ್ಪಣಿ ಹೀಗಿರಬಹುದು: "ಹನ್ನೆರಡು ಗಾಯಕರಿಂದ ಪ್ರದರ್ಶನ ಸಂದರ್ಭದಲ್ಲಿ ಪಠ್ಯ ಸಂಗ್ರಹಿಸಲು ಯೋಜಿಸಲಾಗಿತ್ತು. 2020ರ ಮಾರ್ಚ್‌ಗೆ ಮೊದಲು ನಾಲ್ವರಿಂದ ಸಂಗ್ರಹಿಸಲಾಯಿತು. ಐವರನ್ನು ಆ ಬಳಿಕ ದೂರವಾಣಿಯಲ್ಲಿ ಸಂದರ್ಶಿಸಲಾಯಿತು. ಇಬ್ಬರು 2021ರಲ್ಲಿ ನಿಧನರಾದರು, ಒಬ್ಬರು ದೊರೆಯಲಿಲ್ಲ. ಮೂರನೆಯ ಅಧ್ಯಾಯದ ಕಥನ ವಿಶ್ಲೇಷಣೆಗೆ ಒಂಬತ್ತೂ ಪಠ್ಯಗಳನ್ನು, ನಾಲ್ಕನೆಯ ಅಧ್ಯಾಯದ ಛಂದೋವಿಶ್ಲೇಷಣೆಗೆ ಮೊದಲ ನಾಲ್ಕನ್ನು ಮಾತ್ರ ಬಳಸಲಾಗಿದೆ." ಇಲ್ಲಿ ಕ್ಷಮಾಯಾಚನೆಯಿಲ್ಲ, ಅಳಲಿಲ್ಲ. ಆದರೂ ನಷ್ಟ ಎಷ್ಟೆಂಬುದು ಓದುಗನಿಗೆ ಪೂರ್ಣವಾಗಿ ತಿಳಿಯುತ್ತದೆ. ಅನುಬಂಧದಲ್ಲಿ ಪ್ರತಿ ಸಂದರ್ಶನದ ದಿನಾಂಕ, ಸ್ಥಳ, ಮಾಧ್ಯಮ ಹಾಗೂ ಮುದ್ರಣಕ್ಕೆ ಪಡೆದ ಒಪ್ಪಿಗೆಯ ರೀತಿಯನ್ನು ಕೊಟ್ಟರೆ ಈ ಟಿಪ್ಪಣಿ ಪರಿಶೀಲನೆಗೂ ಒಳಪಡುತ್ತದೆ.

ಇದರ ಎರಡು ವಿಕೃತಿಗಳಿಂದ ದೂರವಿರಬೇಕು. ಒಂದು, ಮಹಾಮಾರಿಗೆ ಸಂಬಂಧಿಸದ ಕೊರತೆಗಳನ್ನೂ ಅದರ ತಲೆಗೆ ಕಟ್ಟುವುದು. ಪೂರ್ವಾಧ್ಯಯನಗಳ ಸಮೀಕ್ಷೆ ತೆಳುವಾಗಿರುವುದಕ್ಕೆ 2020ರ ಲಾಕ್‌ಡೌನ್ ಕಾರಣವಾಗಲಾರದು. ಎರಡು, ಮರೆಮಾಚುವುದು. ದೂರವಾಣಿ ಸಂದರ್ಶನವನ್ನು 'ಕ್ಷೇತ್ರಕಾರ್ಯ' ಎಂದು ಕರೆಯುವುದು, ಹಿಂದೆ ಬೇರೆಯವರು ಸಂಗ್ರಹಿಸಿದ್ದನ್ನು ಹೊಸ ಸಂಗ್ರಹವೆಂದು ತೋರಿಸುವುದು ಇತಿಮಿತಿಯಲ್ಲ, ಅಪ್ರಾಮಾಣಿಕತೆ. ಪರೀಕ್ಷಕರು ಏನೆಂದಾರೋ ಎಂಬ ಭಯ ಎರಡನೆಯ ವಿಕೃತಿಗೆ ಎಡೆಮಾಡಿಕೊಡುತ್ತದೆ.

6. ಪರೀಕ್ಷಕರ ಹೊಣೆ

ಆದುದರಿಂದ ಪ್ರಶ್ನೆ ಅಭ್ಯರ್ಥಿಗೆ ಮಾತ್ರ ಸೀಮಿತವಲ್ಲ. ಪ್ರಾಮಾಣಿಕವಾಗಿ ಬರೆದ ಇತಿಮಿತಿಯ ಪುಟವನ್ನೇ ಹಿಡಿದು ಮೌಖಿಕ ಪರೀಕ್ಷೆಯಲ್ಲಿ ಅಭ್ಯರ್ಥಿಯನ್ನು ಕುಗ್ಗಿಸಿದರೆ ಮುಂದಿನವರು ಆ ಪುಟವನ್ನು ಬರೆಯುವುದಿಲ್ಲ. ಅನುಕಂಪದಿಂದ ಎಲ್ಲವನ್ನೂ ಒಪ್ಪಿಬಿಡುವುದೂ ಉಪಕಾರವಲ್ಲ. ಹಾಗೆ ಒಪ್ಪಿದ ಪ್ರಬಂಧದ ಮೇಲೆ ಸಂಶಯದ ನೆರಳು ಉಳಿಯುತ್ತದೆ. ಆಕರ ಕಡಿಮೆಯಾಯಿತೇ ಎಂಬುದಕ್ಕಿಂತ, ಇರುವ ಆಕರಕ್ಕೆ ತಕ್ಕಷ್ಟೇ ತೀರ್ಮಾನ ಮಾಡಲಾಗಿದೆಯೇ ಎಂಬುದು ಪರೀಕ್ಷಕರ ಅಳತೆಗೋಲಾಗಬೇಕು. ಈ ಅಳತೆಗೋಲು ಎಲ್ಲ ಕಾಲದ ಪ್ರಬಂಧಗಳಿಗೂ ಒಂದೇ.

7. ಸಮಾರೋಪ

ಮಹಾಪ್ರಬಂಧದ ಓದುಗರು ಇಬ್ಬರು ಪರೀಕ್ಷಕರಷ್ಟೇ ಅಲ್ಲ. ಆಯೋಗದ ನಿಯಮಾವಳಿಯಂತೆ ಪ್ರಬಂಧದ ವಿದ್ಯುನ್ಮಾನ ಪ್ರತಿ ಇನ್‌ಫ್ಲಿಬ್‌ನೆಟ್‌ಗೆ ಸಲ್ಲುತ್ತದೆ. ಶೋಧಗಂಗಾ ಸಂಗ್ರಹದಲ್ಲಿ ಅದನ್ನು ಯಾರು ಬೇಕಾದರೂ ಓದಬಹುದು. ಮೂವತ್ತು ವರ್ಷಗಳ ಅನಂತರ ಅದನ್ನು ತೆರೆಯುವ ಸಂಶೋಧಕನಿಗೆ 2020ರ ನೆನಪಿರುವುದಿಲ್ಲ. ಆ ವರ್ಷಗಳ ಪಠ್ಯಗಳು ಏಕೆ ಚಿಕ್ಕವಾಗಿವೆ, ಒಂದು ಊರಿನ ಜಾತ್ರೆಯ ವಿವರ ಏಕೆ ಕೇವಲ ನೆನಪಿನ ಮಾತಾಗಿದೆ, ವಕ್ತೃಗಳ ಪಟ್ಟಿಯಲ್ಲಿ ಕೆಲವು ಹೆಸರುಗಳ ಮುಂದೆ ಏಕೆ ಪಠ್ಯವಿಲ್ಲ ಎಂಬುದನ್ನು ಅವನಿಗೆ ಪ್ರಬಂಧವೇ ಹೇಳಬೇಕು. ಹಾಡದೆ ಹೋದ ಗಾಯಕನ ಹೆಸರು, ಅವನಿಗೆ ಬರುತ್ತಿದ್ದ ಸಾಲುಗಳ ಬಗೆಗೆ ತಿಳಿದಷ್ಟು ಮಾಹಿತಿ ಅನುಬಂಧದಲ್ಲಿ ಉಳಿದರೆ ಅದೂ ಸಂಗ್ರಹವೇ. ಅಂತಹ ಪುಟವನ್ನು ಬರೆದವನು ತನ್ನ ಅಧ್ಯಯನದ ಕೊರತೆಯನ್ನು ತೋಡಿಕೊಂಡಂತಲ್ಲ. ಕನ್ನಡದ ಆಕರಗಳಿಗೆ ಆ ವರ್ಷಗಳಲ್ಲಿ ಆದ ನಷ್ಟವನ್ನು ದಾಖಲಿಸಿದಂತೆ.